ದಸರಾ ಮುಗಿದು ಬಹಳ ದಿನವಾಯಿತು, ಪ್ರಾಂಶುಪಾಲರೇ



ಆಗಸ್ಟ್‌ನ ಪೋಷಕರ ಸಭೆಯಲ್ಲಿ ತಾವು ಮೈಕ್ ಹಿಡಿದು ಆಡಿದ ಮಾತನ್ನು ನೆನಪಿಸುವುದರಿಂದಲೇ ಶುರು ಮಾಡುತ್ತೇನೆ. 'ದಸರಾ ರಜೆ ಮುಗಿದು ಕಾಲೇಜು ಶುರುವಾದ ದಿನದಿಂದ ಬೆಳಿಗ್ಗೆ ಆರೂವರೆಯ ಝೀರೊ ಪೀರಿಯಡ್ ಇರೋದಿಲ್ಲ, ಎಂಟೂವರೆಗೇ ಮೊದಲ ಬೆಲ್' ಎಂದಿರಿ. ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಲ್ಲಿದ್ದ ಪೋಷಕರೊಬ್ಬರು 'ಇದನ್ನ ಬರವಣಿಗೆಯಲ್ಲಿ ಕೊಡ್ತೀರಾ ಸರ್?' ಎಂದಾಗ ತಾವು ನಕ್ಕು, 'ನನ್ನ ಮಾತೇ ಸರ್ಕ್ಯುಲರ್' ಎಂದಿರಿ. ಅದಕ್ಕೆ ಇನ್ನೂ ಜೋರು ಚಪ್ಪಾಳೆ.

ದಸರಾ ಆಯಿತು, ದೀಪಾವಳಿ ಆಯಿತು, ಪ್ರಿಪರೇಟರಿ ಪರೀಕ್ಷೆಯ ವೇಳಾಪಟ್ಟಿಯೂ ಬಂತು. ಕಾಲೇಜು ಬಸ್ಸು ಮಾತ್ರ ಈಗಲೂ ಬೆಳಗಿನ 5.50ಕ್ಕೆ ನೇತಾಜಿ ವೃತ್ತಕ್ಕೆ ಬಂದು ಹಾರನ್ ಹೊಡೆಯುತ್ತದೆ. ಕ್ಲಾಸ್ ಟೀಚರನ್ನು ಕೇಳಿದರೆ 'ಆಫೀಸಿನಲ್ಲಿ ಕೇಳಿ' ಎಂದರು. ಆಫೀಸಿನವರು ನನ್ನ ಪತ್ರವನ್ನು ತೆಗೆದುಕೊಂಡರು, ಸ್ವೀಕೃತಿ ಸೀಲು ಹಾಕಿಕೊಡಲಿಲ್ಲ. ತಮ್ಮ ಕೊಠಡಿಯ ಹೊರಗಿನ ಬೆಂಚಿನಲ್ಲಿ ಕಾದದ್ದೂ ಆಯಿತು, ಸರ್ ಮೀಟಿಂಗಿನಲ್ಲಿದ್ದರು. ಪೋಷಕರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ವಿನಯದಿಂದಲೇ ಒಂದು ಸಾಲು ಬರೆದೆ. ಅದೇ ಸಂಜೆಯಿಂದ ಆ ಗುಂಪಿನಲ್ಲಿ ಅಡ್ಮಿನ್‌ಗಳನ್ನು ಬಿಟ್ಟು ಬೇರೆ ಯಾರೂ ಬರೆಯುವಂತಿಲ್ಲ. ಹಾಗಾಗಿ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ, ಕ್ಷಮೆಯಿರಲಿ.

ಮೈಸೂರಿನಲ್ಲಿ ಯಾವ ಕೆಲಸಕ್ಕೂ ದಸರಾವೇ ಗಡುವು ಎಂಬುದು ನನಗೆ ಗೊತ್ತು. ರಿಂಗ್ ರೋಡಿನ ಗುಂಡಿ, ಸರ್ಕಲ್ಲಿನ ದೀಪ, ಫುಟ್‌ಪಾತಿನ ಬಣ್ಣ, ಎಲ್ಲಕ್ಕೂ 'ದಸರಾ ಒಳಗೆ'. ಗುಂಡಿಗಳಾದರೂ ಅಷ್ಟೋ ಇಷ್ಟೋ ಮುಚ್ಚುತ್ತವೆ. ತಾವು 'ದಸರಾ ಆದಮೇಲೆ' ಎಂದಿರಿ. ಯಾವ ವರ್ಷದ ದಸರಾ ಎಂದು ಕೇಳಿಕೊಳ್ಳಬೇಕಿತ್ತೇನೋ.

ಹಿನ್ನೆಲೆ ನಮ್ಮ ಬಡಾವಣೆಯಲ್ಲಿ ಬಹುತೇಕರಿಗೆ ತಿಳಿದದ್ದೇ. ನನ್ನ ಮಗಳು ದ್ವಿತೀಯ ಪಿಯುಸಿ, ಕಲಾ ವಿಭಾಗ, ಸೈಕಾಲಜಿ ಇರುವ ಕಾಂಬಿನೇಶನ್. ನೀಟ್ ಬರೆಯದ ಮಕ್ಕಳಿಗೂ ಝೀರೊ ಪೀರಿಯಡ್ ಯಾಕೆಂದರೆ 'ಕ್ಯಾಂಪಸ್‌ಗೆ ಒಂದೇ ಶಿಸ್ತು'. ಸೈಕಾಲಜಿ ಮೇಡಂ, ಅತಿಥಿ ಉಪನ್ಯಾಸಕಿ, ಒತ್ತಡದ ಪಾಠ ಮಾಡುತ್ತ ಮಕ್ಕಳಿಂದಲೇ ನಿದ್ದೆಯ ದಿನಚರಿ ಬರೆಸಿದರು. ಹಳೇ ಟೆಸ್ಟ್ ಪೇಪರಿನ ಖಾಲಿ ಬೆನ್ನಿಗೆ ಸ್ಕೇಲಿಟ್ಟು ಗೆರೆ ಎಳೆದ ಹಾಳೆಗಳು. ದೀಪ ಆರಿಸಿದ ಹೊತ್ತು, ಎದ್ದ ಹೊತ್ತು, ನಡುವೆ ಎಚ್ಚರವಾದದ್ದು, ಹಗಲಲ್ಲಿ ಎಲ್ಲಿ ಕಣ್ಣು ಮುಚ್ಚಿತು ಎಂದು ನಾಲ್ಕು ಕಲಂ. ಮಕ್ಕಳು ವಿಜ್ಞಾನ ವಿಭಾಗದ ಗೆಳೆಯ ಗೆಳತಿಯರಿಂದಲೂ ಬರೆಸಿ ತಂದಿದ್ದರು. ಆ ಹಾಳೆಗಳು ಒಂದು ವಾರ ನಮ್ಮನೆ ಊಟದ ಮೇಜಿನ ಮೇಲೇ ಇದ್ದವು, ನಾನು ಓದಿದ್ದೇನೆ. ನಾಲ್ಕನೇ ಕಲಂನಲ್ಲಿ ಒಬ್ಬ ಹುಡುಗ ದಿನಾ ತಪ್ಪದೆ 'ಬಸ್ಸು' ಎಂದು ಬರೆದಿದ್ದಾನೆ. ಇನ್ನೊಬ್ಬ 'ಫಿಸಿಕ್ಸ್' ಎಂದಷ್ಟೇ ಬರೆದಿದ್ದಾನೆ. ಒಬ್ಬ ಹುಡುಗಿ ದೀಪ ಆರಿಸಿದ ಹೊತ್ತಿನ ಜಾಗದಲ್ಲಿ 'ಆರಿಸಿಲ್ಲ, ಅಮ್ಮ ಆರಿಸಿರಬೇಕು' ಎಂದು ಬರೆದಿದ್ದಳು.

ಇದನ್ನೆಲ್ಲ ಒಟ್ಟುಮಾಡಿ ಡ್ರಾಯಿಂಗ್ ಶೀಟಿನ ಮೇಲೆ ನೀಲಿ ಕೆಂಪು ಪಟ್ಟಿ ಹಾಕಿ, ಮೆಟ್ಟಿಲ ಪಕ್ಕದ ಗೋಡೆಗೆ ಅಂಟಿಸಿದರು. ಅದನ್ನು ನೋಡಿಯೇ ಪೋಷಕರು ಸಭೆಯಲ್ಲಿ ಪ್ರಶ್ನೆ ಎತ್ತಿದ್ದು. ಅದಕ್ಕೆ ಉತ್ತರವಾಗಿಯೇ ತಾವು ಮಾತು ಕೊಟ್ಟದ್ದು. ಆಡಳಿತ ಮಂಡಳಿಯವರು ಬರುವ ಹಿಂದಿನ ದಿನ ಆ ಚಾರ್ಟ್ ಗೋಡೆಯಿಂದ ಇಳಿಯಿತು. ಈಗ ಆ ಜಾಗದಲ್ಲಿ ರ‍್ಯಾಂಕ್ ಪಡೆದವರ ಫ್ಲೆಕ್ಸ್ ಇದೆ.

ಕಡೆಗೊಮ್ಮೆ ಕಾರಿಡಾರಿನಲ್ಲಿ ತಾವು ಸಿಕ್ಕಿದಿರಿ. ಕೇಳಿದೆ. ಇಬ್ಬರು ಉಪನ್ಯಾಸಕರು, ನನ್ನ ಮಗಳು ನಿಂತಿದ್ದಂತೆಯೇ ತಾವು ಹೇಳಿದ್ದು ಇಷ್ಟು: 'ನಿದ್ದೆ ಬಗ್ಗೆ ಪ್ರಾಜೆಕ್ಟ್ ಮಾಡೋರೇ ಕ್ಲಾಸಲ್ಲಿ ನಿದ್ದೆ ಮಾಡೋರು ಮೇಡಂ. ಆರ್ಟ್ಸ್ ಮಕ್ಕಳಿಗೆ ಟೈಮ್ ಜಾಸ್ತಿ.' ಅವರಿಬ್ಬರೂ ನಕ್ಕರು. ಮಗಳು ನಗಲಿಲ್ಲ. ಮನೆಗೆ ಬಂದ ಮೇಲೂ ಅವಳು ಆ ವಿಷಯ ಎತ್ತಲಿಲ್ಲ, ನಾನೇ ಎತ್ತುತ್ತಿದ್ದೇನೆ. ಮಾತು ತಪ್ಪಿದ್ದಕ್ಕಾದರೂ ಏನೋ ಒಂದು ಕಾರಣ ಇರಬಹುದು. ಬಸ್ಸಿನ ಟ್ರಿಪ್ಪು, ಕೋಚಿಂಗಿನವರ ಒಪ್ಪಂದ, ಮಂಡಳಿಯ ಒತ್ತಡ. ಆ ನಗುವಿಗೆ ಯಾವ ಕಾರಣವಿತ್ತು?

ತಾವು ರಸಾಯನಶಾಸ್ತ್ರದವರು. ಸೈಕಾಲಜಿಯನ್ನು 'ಸ್ಕೋರಿಂಗ್ ಸಬ್ಜೆಕ್ಟ್' ಎಂದು ಕರೆಯುವುದು ತಮ್ಮ ರೂಢಿ. ಒಂದು ಸಂಗತಿ ಹೇಳಲೇ? ಕಲ್ಕತ್ತಾ ಬಿಟ್ಟರೆ ಈ ದೇಶದಲ್ಲಿ ವಿಶ್ವವಿದ್ಯಾಲಯ ಮಟ್ಟದಲ್ಲಿ ಮನಶ್ಶಾಸ್ತ್ರ ವಿಭಾಗ ಮೊದಲು ತೆರೆದದ್ದು ನಮ್ಮ ಮೈಸೂರು, 1924ರಲ್ಲಿ. ಕಟ್ಟಿದವರು ಎಂ.ವಿ. ಗೋಪಾಲಸ್ವಾಮಿ, ಲಂಡನ್ನಿನಲ್ಲಿ ಸ್ಪಿಯರ್‌ಮನ್ ಅವರ ಬಳಿ ಕಲಿತು ಬಂದವರು. ಮುಂದೆ ದೇಶದ ರೇಡಿಯೊಗೇ ಹೆಸರಾದ 'ಆಕಾಶವಾಣಿ'ಯನ್ನು 1935ರಲ್ಲಿ ತಮ್ಮ ಮನೆಯಿಂದಲೇ ಶುರು ಮಾಡಿದ ಮೇಷ್ಟ್ರು ಅವರೇ. ಅವರ ವಿಭಾಗ ಇವತ್ತಿಗೂ ಮಾನಸಗಂಗೋತ್ರಿಯಲ್ಲಿದೆ, ನಮ್ಮ ದಟ್ಟಗಳ್ಳಿಯಿಂದ ಸ್ಕೂಟರಿನಲ್ಲಿ ಹೋಗಿಬರುವಷ್ಟು ದೂರ. 1976ರಲ್ಲಿ ಕನ್ನಡಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಕಾದಂಬರಿಗಲ್ಲ, ಕವನಕ್ಕಲ್ಲ, ಮನಸ್ಸಿನ ಕಾಯಿಲೆಗಳ ಬಗ್ಗೆ ಬರೆದ ಪುಸ್ತಕಕ್ಕೆ. ಡಾ. ಎಂ. ಶಿವರಾಂ ಅವರ 'ಮನಮಂಥನ'. ನಗೆಬರಹದ 'ರಾಶಿ' ಅವರೇ. 'ಕೊರವಂಜಿ' ಪತ್ರಿಕೆ ನಡೆಸಿ ನಾಡನ್ನು ನಗಿಸಿದ ಆ ಡಾಕ್ಟರಿಗೆ ಯಾವುದರಲ್ಲಿ ನಗಬಾರದೆಂಬುದೂ ತಿಳಿದಿತ್ತು.

ಇಲ್ಲಿ ವಿಭಾಗ ಶುರುವಾದ ಅದೇ 1924ರಲ್ಲಿ ಅಮೆರಿಕದ ಕಾರ್ನೆಲ್‌ನಲ್ಲಿ ಜೆಂಕಿನ್ಸ್, ಡಾಲೆನ್‌ಬಾಕ್ ಎಂಬಿಬ್ಬರು ಒಂದು ಪ್ರಯೋಗ ಪ್ರಕಟಿಸಿದರು. ಪ್ರಯೋಗಕ್ಕೆ ಕೂತವರು ಇಬ್ಬರೇ ವಿದ್ಯಾರ್ಥಿಗಳು. ಅರ್ಥವಿಲ್ಲದ ಅಕ್ಷರಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸಿ, ಕೆಲವು ಸಲ ಮಲಗಲು ಬಿಟ್ಟು, ಕೆಲವು ಸಲ ಎಚ್ಚರವಿರಿಸಿ, ಒಂದು, ಎರಡು, ನಾಲ್ಕು, ಎಂಟು ಗಂಟೆಗಳ ನಂತರ ಒಪ್ಪಿಸಲು ಹೇಳಿದರು. ಮಲಗಿ ಎದ್ದಾಗ ಉಳಿದದ್ದು ಹೆಚ್ಚು, ಎಚ್ಚರವಿದ್ದಾಗ ಮರೆತದ್ದು ಹೆಚ್ಚು. ಓದಿದ್ದು ತಲೆಯಲ್ಲಿ ನಿಲ್ಲಬೇಕಾದರೆ ನಿದ್ದೆ ಬೇಕೆಂಬುದನ್ನು ಆಮೇಲಿನ ಸಂಶೋಧನೆಗಳೂ ಮತ್ತೆ ಮತ್ತೆ ಹೇಳುತ್ತ ಬಂದಿವೆ. ತಮ್ಮ ನೀಟ್ ಬ್ಯಾಚಿನ ಬಯಾಲಜಿಗೆ ಬೇಕಾದದ್ದೂ ಇದೇ ತಾನೇ? ಮಕ್ಕಳು ರಾತ್ರಿಯೆಲ್ಲ ತುಂಬಿಸಿದ್ದನ್ನು ಬೆಳಿಗ್ಗೆ ಆರೂವರೆಗೆ ನೀವೇ ಸುರಿಸುತ್ತಿದ್ದೀರಿ.

'ನಮ್ಮ ಹಿರಿಯರು ಬ್ರಾಹ್ಮೀ ಮುಹೂರ್ತದಲ್ಲಿ ಏಳುತ್ತಿರಲಿಲ್ಲವೇ' ಎಂದು ಸಭೆಯಲ್ಲಿ ಒಬ್ಬರು ಕೇಳಿದ್ದರು, ನೀವೂ ತಲೆಯಾಡಿಸಿದ್ದಿರಿ. ಏಳುತ್ತಿದ್ದರು. ಮೈಸೂರಿಗೆ ಕರೆಂಟ್ ದೀಪ ಬಂದದ್ದು 1908ರಲ್ಲಿ, ಅದಕ್ಕೂ ಮುಂಚೆ ಊರು ಬೇಗ ಮಲಗುತ್ತಿತ್ತು. ಈಗ ಮಗು ನಿಮ್ಮ ಸ್ಟಡಿ ಅವರ್ ಮುಗಿಸಿ ಮನೆ ಸೇರುವುದೇ ರಾತ್ರಿ ಎಂಟೂಮುಕ್ಕಾಲಿಗೆ. ಊಟ, ಹೋಂವರ್ಕ್, ಮರುದಿನದ ಟೆಸ್ಟು ಎಂದರೆ ಹನ್ನೊಂದೂವರೆ. ಐದಕ್ಕೆ ಅಲಾರಂ. ಐದೂವರೆ ಗಂಟೆ ನಿದ್ದೆ. ಹದಿಮೂರರಿಂದ ಹದಿನೆಂಟರ ವಯಸ್ಸಿಗೆ 8ರಿಂದ 10 ಗಂಟೆ ಬೇಕೆಂದು ಅಮೆರಿಕದ ನಿದ್ರಾವೈದ್ಯರ ಅಕಾಡೆಮಿ 2016ರಲ್ಲೇ ಹೇಳಿದೆ.

ಬೇಗ ಮಲಗಲಿ ಎನ್ನುತ್ತೀರಿ. ಹದಿಹರೆಯದಲ್ಲಿ ದೇಹದ ಗಡಿಯಾರವೇ ಎರಡು ಗಂಟೆಗಳಷ್ಟು ತಡವಾಗಬಹುದು. ನಿದ್ದೆಗೆ ಅಣಿ ಮಾಡುವ ಮೆಲಟೋನಿನ್ ಸ್ರವಿಸುವುದೇ ತಡವಾಗಿ. ಹತ್ತಕ್ಕೆ ಮಲಗಿಸಿದರೂ ಕಣ್ಣು ಮುಚ್ಚುವುದಿಲ್ಲ, ಅದು ಸೋಮಾರಿತನವೂ ಅಲ್ಲ, ಬರೀ ಮೊಬೈಲಿನ ತಪ್ಪೂ ಅಲ್ಲ. (ಮೊಬೈಲಿನ ತಪ್ಪು ಇಲ್ಲವೆಂದು ಯಾವ ತಾಯಿಯೂ ಹೇಳಲಾರಳು ಬಿಡಿ. ಆದರೆ ರಾತ್ರಿ ಹನ್ನೊಂದಕ್ಕೆ ಮರುದಿನದ ಟೆಸ್ಟಿನ ಪಿಡಿಎಫ್ ಕಳಿಸುವವರು ಯಾರು?) ಪ್ರೌಢಶಾಲೆ ಎಂಟೂವರೆಗಿಂತ ಮುಂಚೆ ಶುರುವಾಗಬಾರದೆಂದು ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ 2014ರಲ್ಲಿ ಹೇಳಿತು. ಕ್ಯಾಲಿಫೋರ್ನಿಯಾದಲ್ಲಿ 2022ರ ಜುಲೈಯಿಂದ ಅದು ಕಾನೂನೇ ಆಗಿದೆ. ನೀವು ಮೈಕಿನಲ್ಲಿ ಹೇಳಿದ ಎಂಟೂವರೆ ಆಕಾಶದಿಂದ ಉದುರಿದ್ದಲ್ಲ. ಮಕ್ಕಳ ಚಾರ್ಟಿನ ಕೆಳಗೆ ಬರೆದಿತ್ತು, ಅದನ್ನೇ ನೀವು ಓದಿದ್ದು.

ಅಮೆರಿಕದ ಮಾತು ಬೇಡವೆಂದರೆ ದೆಹಲಿಯದು ಕೇಳಿ. ವಿಶಾಖಪಟ್ಟಣದಲ್ಲಿ ನೀಟ್ ತರಬೇತಿಗೆ ಹೋಗಿದ್ದ 17 ವರ್ಷದ ಹುಡುಗಿಯೊಬ್ಬಳ ಸಾವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಜುಲೈ 25ರಂದು ದೇಶದ ಎಲ್ಲ ಶಿಕ್ಷಣ ಸಂಸ್ಥೆಗಳಿಗೂ ನಿರ್ದೇಶನ ಕೊಟ್ಟಿದೆ. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವಲ್ಲಿ ಅರ್ಹ ಆಪ್ತಸಮಾಲೋಚಕರು ಇರಬೇಕು. ಅಂಕದ ಮೇಲೆ ಮಕ್ಕಳನ್ನು ಬೇರೆ ಬೇರೆ ಬ್ಯಾಚ್ ಮಾಡಬಾರದು, ಎಲ್ಲರ ಮುಂದೆ ಹೀಯಾಳಿಸಬಾರದು. ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ ಸಂಖ್ಯೆ ಕ್ಯಾಂಪಸ್ಸಿನಲ್ಲಿ ಕಾಣುವಂತೆ ಹಾಕಬೇಕು. ನಿಮ್ಮಲ್ಲಿ 'ಸ್ಟಾರ್ ಬ್ಯಾಚ್' ಇದೆ. ಆಪ್ತಸಮಾಲೋಚಕರ ಕೊಠಡಿ ಎಂಬ ಬೋರ್ಡೂ ಇದೆ, ಒಳಗೆ ಕ್ರೀಡಾ ಸಾಮಗ್ರಿ ತುಂಬಿದ್ದೀರಿ. ಟೆಲಿ ಮಾನಸ್‌ನ 14416 ಎಂಬ ಐದಂಕಿ ಎಲ್ಲೂ ಇಲ್ಲ. ಆ ಸೇವೆ 2022ರ ಅಕ್ಟೋಬರಿನಿಂದ ಇದೆ, ಅದರ ನೋಡಲ್ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್, ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ಕಾಸು ಖರ್ಚಿಲ್ಲ. ಒಂದು ಎ4 ಹಾಳೆ ಅಂಟಿಸಲು ಏನು ಕಷ್ಟ?

ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಹೊರಡಿಸಿದ ಕೋಚಿಂಗ್ ಮಾರ್ಗಸೂಚಿಯಲ್ಲಿ ದಿನಕ್ಕೆ ಐದು ಗಂಟೆಗಿಂತ ಹೆಚ್ಚು ತರಗತಿ ಬೇಡ, ತೀರಾ ಮುಂಜಾನೆ, ತೀರಾ ರಾತ್ರಿ ಬೇಡ ಎಂದಿದೆ. ನೀವು ಕೋಚಿಂಗ್ ಅಲ್ಲ, ಕಾಲೇಜು. ಫೀಸು ತೆಗೆದುಕೊಳ್ಳುವಾಗ ಮಾತ್ರ 'ಇಂಟಿಗ್ರೇಟೆಡ್'.

ಇನ್ನು ಸೈಕಾಲಜಿ ಮೇಡಂ ವಿಷಯ. ಚಾರ್ಟ್ ಇಳಿದ ಮೇಲೆ ಅವರ ವಾರದ ಗಂಟೆಗಳನ್ನೂ ಇಳಿಸಿದಿರಿ. ಗಂಟೆ ಲೆಕ್ಕದಲ್ಲಿ ಸಂಬಳ ಪಡೆಯುವವರಿಗೆ ಗಂಟೆ ಕತ್ತರಿಸುವುದೆಂದರೆ ಏನೆಂದು ವಿವರಿಸಬೇಕೇ? ಪ್ರಾಕ್ಟಿಕಲ್ಸ್ ಪೀರಿಯಡ್ ಈಗ 'ಕ್ಯಾಂಪಸ್ ಟೆಸ್ಟ್'ಗೆ ಹೋಗಿದೆ. ಬೋರ್ಡ್ ಪರೀಕ್ಷೆಯಲ್ಲಿ ಸೈಕಾಲಜಿಗೆ ಪ್ರಾಯೋಗಿಕ ಅಂಕಗಳಿವೆ ಸ್ವಾಮಿ, ಅದನ್ನು ಯಾರು ಮಾಡಿಸುತ್ತಾರೆ, ಡ್ರೈವರ್ರೇ?

ಮಾನಸಿಕ ಅಸ್ವಸ್ಥತೆ, ಅದರ ಲಕ್ಷಣ, ಚಿಕಿತ್ಸೆ ಎಂದು ಪಠ್ಯದಲ್ಲಿ ಪಾಠವಿದೆ. ಆತಂಕದ ಲಕ್ಷಣಗಳನ್ನು ನನ್ನ ಮಗಳು ಪಟಪಟ ಹೇಳುತ್ತಾಳೆ. ಪಕ್ಕದ ಬೆಂಚಿನವಳಿಗೆ ಅವೇ ಲಕ್ಷಣಗಳಿದ್ದರೆ ಎಲ್ಲಿಗೆ ಕಳಿಸಬೇಕೆಂದು ಮಾತ್ರ ಅವಳಿಗೆ ಗೊತ್ತಿಲ್ಲ, ಏಕೆಂದರೆ ಆಪ್ತಸಮಾಲೋಚಕರ ಕೊಠಡಿಯಲ್ಲಿ ವಾಲಿಬಾಲ್ ನೆಟ್ ಇದೆ. ಪರೀಕ್ಷೆಯ ಪ್ರಶ್ನೆಗೆ ಉತ್ತರವಾಗುವುದು ಕ್ಯಾಂಪಸ್ಸಿನೊಳಗೆ ತಮಾಷೆಯಾಗುವುದು ಹೇಗೆ? ಮಕ್ಕಳು ಓದಿದ್ದನ್ನು ತಮ್ಮ ಬದುಕಿಗೆ ಹಚ್ಚಿ ನೋಡಿದರು, ಒಂದೇ ಸಲ. ಶಾಲಾ ಕಾಲೇಜುಗಳಲ್ಲಿ ಅಪರೂಪಕ್ಕೆ ನಡೆಯುವ ಸಂಗತಿ ಅದು. ಅಂಥದ್ದು ನಡೆದಾಗ ಗೋಡೆಯಿಂದ ಕಿತ್ತು ಹಾಕಿದಿರಿ.

ನಿಮ್ಮೊಬ್ಬರದೇ ತಪ್ಪೆಂದು ನಾನು ಹೇಳುತ್ತಿಲ್ಲ. ಹಾಜರಾತಿ ಪುಸ್ತಕ ನೋಡಿ ಕಾಫಿ ಕುಡಿದು ಹೋಗುವ ಅಧಿಕಾರಿಗಳು ಬೆಳಗಿನ ಆರೂವರೆಗೆ ಒಮ್ಮೆ ಬಂದು ನೋಡಲಿ. ಕುವೆಂಪುನಗರದಿಂದ ಬೋಗಾದಿಯವರೆಗೆ ಕಂಬಕ್ಕೊಂದರಂತೆ ಮಕ್ಕಳ ಮುಖವಿರುವ ಫ್ಲೆಕ್ಸ್ ಕಟ್ಟುವವರು, ಆ ಮುಖಗಳನ್ನು ನೋಡಿ ಪಕ್ಕದ ಮನೆಯವರ ಮಗನೊಂದಿಗೆ ತಮ್ಮ ಮಗನನ್ನು ಹೋಲಿಸುವ ಅಪ್ಪಂದಿರು, 'ಇನ್ನೆರಡು ವರ್ಷ ತಡ್ಕೋ, ಆಮೇಲೆ ಜೀವನಪೂರ್ತಿ ನಿದ್ದೆ' ಎನ್ನುವ ಅತ್ತೆ ಮಾವಂದಿರು, ಎಲ್ಲರೂ ಇದ್ದಾರೆ. ಆದರೆ 'ನನ್ನ ಮಾತೇ ಸರ್ಕ್ಯುಲರ್' ಎಂದವರು ಅವರ‍್ಯಾರೂ ಅಲ್ಲ, ನೀವು.

ಆ ಸರ್ಕ್ಯುಲರ್ ಈಗ ಹಾಳೆಯ ಮೇಲೆ ಬರಲಿ, ದಿನಾಂಕ, ಸಹಿ, ಸೀಲಿನೊಂದಿಗೆ. ಚಾರ್ಟ್ ಮತ್ತೆ ಅದೇ ಗೋಡೆಗೆ ಬರಲಿ. ಮೇಡಂಗೆ ಅವರ ಗಂಟೆಗಳನ್ನು ವಾಪಸ್ ಕೊಡಿ. ಕಾರಿಡಾರಿನಲ್ಲಿ ಆಡಿದ ಮಾತಿಗೆ ನನಗೇನೂ ಹೇಳಬೇಡಿ, ತರಗತಿಗೆ ಹೋಗಿ ಆ ಮಕ್ಕಳ ಮುಂದೆ ಹೇಳಿ. ಸಾಲದು ಎನಿಸಿದರೆ ಅವರ ಪ್ರಾಜೆಕ್ಟನ್ನು ಒಮ್ಮೆ ಪೂರ್ತಿ ಓದಿ, ಹತ್ತು ನಿಮಿಷ ಸಾಕು.

ಬರುವ ಸೋಮವಾರದಿಂದ ನನ್ನ ಮಗಳು ಕಾಲೇಜು ಬಸ್ಸು ಹತ್ತುವುದಿಲ್ಲ. ಎಂಟೂವರೆಗೆ ನಾನೇ ಗೇಟಿನ ಹತ್ತಿರ ಬಿಡುತ್ತೇನೆ. ರಾಮಕೃಷ್ಣನಗರ, ಶ್ರೀರಾಂಪುರದ ಕಡೆಯ ಕೆಲವು ಪೋಷಕರೂ ಹಾಗೇ ಮಾಡುವವರಿದ್ದಾರೆ. ಹಾಜರಾತಿ ಕತ್ತರಿಸುವುದಾದರೆ ಪದವಿಪೂರ್ವ ಇಲಾಖೆಯ ಯಾವ ನಿಯಮದ ಪ್ರಕಾರ ಎಂಬುದನ್ನು ಲಿಖಿತವಾಗಿ ತಿಳಿಸಿ. ಬಸ್ಸಿಗೆ ವರ್ಷಪೂರ್ತಿ ಕಟ್ಟಿಸಿಕೊಂಡ ಹಣದಲ್ಲಿ ಉಳಿದ ತಿಂಗಳುಗಳದ್ದನ್ನು ಹಿಂದಿರುಗಿಸಲು ಬೇರೆ ಅರ್ಜಿ ಕೊಡುತ್ತೇನೆ. ಅದಕ್ಕಾದರೂ ಸೀಲು ಹಾಕಿ ಸ್ವೀಕೃತಿ ಕೊಡುವಂತೆ ಆಫೀಸಿನವರಿಗೆ ಹೇಳಿ.

ಇಂತಿ,
ದ್ವಿತೀಯ ಪಿಯು ವಿದ್ಯಾರ್ಥಿನಿಯೊಬ್ಬಳ ತಾಯಿ
ದಟ್ಟಗಳ್ಳಿ 3ನೇ ಹಂತ, ಮೈಸೂರು