ದೆವ್ವಕ್ಕೆ ಬರುವ ಕನ್ನಡ ಗಾಂಧಿನಗರಕ್ಕೆ ಯಾಕೆ ಬರುವುದಿಲ್ಲ?

ದೆವ್ವ ಇದೆಯೋ ಇಲ್ಲವೋ ಎಂಬ ಚರ್ಚೆ ನನಗೆ ಬೇಡ. ಇದ್ದರೆ ಅದಕ್ಕೆ ಕನ್ನಡ ಓದಲು ಬರುತ್ತದೆ ಎಂಬುದಕ್ಕೆ ಮಾತ್ರ ಪುರಾವೆ ಇದೆ. 1990ರ ದಶಕದಲ್ಲಿ ಬೆಂಗಳೂರು ಮತ್ತು ಸುತ್ತಮುತ್ತಲ ಊರುಗಳ ಬಾಗಿಲು, ಗೋಡೆಗಳ ಮೇಲೆ ‘ನಾಳೆ ಬಾ’ ಎಂದು ಬರೆದದ್ದನ್ನು ನನ್ನ ವಯಸ್ಸಿನವರು ಮರೆತಿಲ್ಲ. ಹೆಣ್ಣು ದೆವ್ವವೊಂದು ರಾತ್ರಿ ಬಂದು, ನಮ್ಮವರದೇ ದನಿಯಲ್ಲಿ ಕರೆದು ಬಾಗಿಲು ಬಡಿಯುತ್ತದೆ, ತೆರೆದವನ ಕಥೆ ಮುಗಿಯಿತು ಎಂದು ಸುದ್ದಿ. ಬಾಗಿಲ ಮೇಲೆ ‘ನಾಳೆ ಬಾ’ ಎಂದಿದ್ದರೆ ಓದಿಕೊಂಡು ವಾಪಸ್ ಹೋಗುತ್ತದೆ. ಮರುದಿನ ಬರುತ್ತದೆ, ಮತ್ತೆ ಓದುತ್ತದೆ, ಮತ್ತೆ ಹೋಗುತ್ತದೆ. ನಮ್ಮ ಸರ್ಕಾರಿ ಕಚೇರಿಗೆ ಅಲೆಯುವ ಬಡವನ ಹಾಗೆ!

ಚಿತ್ರ ಇಲ್ಲ, ಬಣ್ಣ ಇಲ್ಲ, ನಟಿ ಇಲ್ಲ. ಸೀಮೆಸುಣ್ಣದಲ್ಲೋ ಇದ್ದಿಲಿನಲ್ಲೋ ಗೀಚಿದ ಮೂರು ಕನ್ನಡ ಅಕ್ಷರ. ಸಂಜೆ ಹೊತ್ತು ಒಂದು ಬೀದಿಯಲ್ಲಿ ಹತ್ತು ಬಾಗಿಲ ಮೇಲೆ ಅದನ್ನು ಕಂಡವನಿಗೆ ಬೆನ್ನಹುರಿಯಲ್ಲಿ ಚಳಿ ಹುಟ್ಟುತ್ತಿತ್ತು. ಕನ್ನಡದ ಅತ್ಯುತ್ತಮ ಭಯಾನಕ ಪೋಸ್ಟರ್ ಯಾವುದು ಎಂದು ಯಾರಾದರೂ ಕೇಳಿದರೆ, ಪ್ರೆಸ್ಸಿನವನಾದ ನಾನು ಯಾವ ಸಿನಿಮಾದ ಹೆಸರನ್ನೂ ಹೇಳುವುದಿಲ್ಲ. ಆ ಬಾಗಿಲುಗಳನ್ನು ತೋರಿಸುತ್ತೇನೆ.

ಇದರ ಬೆಲೆ ಗೊತ್ತಾದದ್ದು ಯಾರಿಗೆ? ಹಿಂದಿಯವರಿಗೆ! 2018ರಲ್ಲಿ ‘ಸ್ತ್ರೀ’ ಎಂಬ ಚಿತ್ರ ಬಂತು. ಬೆಂಗಳೂರಿನ ಬಾಗಿಲ ದೆವ್ವ ಮಧ್ಯಪ್ರದೇಶದ ಚಂದೇರಿಗೆ ವಲಸೆ ಹೋಯಿತು, ‘ನಾಳೆ ಬಾ’ ಎಂಬುದು ‘ಓ ಸ್ತ್ರೀ ಕಲ್ ಆನಾ’ ಆಯಿತು. ಗೋಡೆಯ ಮೇಲಿನ ಬರಹವೇ ಚಿತ್ರದ ಗುರುತಾಯಿತು. ಜನ ಮುಗಿಬಿದ್ದರು, 2024ರಲ್ಲಿ ಎರಡನೆಯ ಭಾಗವೂ ಬಂದು ಭಾರೀ ಗಳಿಕೆ ಮಾಡಿತು. ಅವರ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ಹಿತ್ತಲಲ್ಲಿ ಬಿದ್ದಿದ್ದನ್ನು ಅವರು ಎತ್ತಿಕೊಂಡರು, ತಮ್ಮ ಭಾಷೆಯಲ್ಲೇ ಬರೆದುಕೊಂಡರು. ಸಿಟ್ಟು ಇರುವುದು ನಮ್ಮವರ ಮೇಲೆ. ಇವತ್ತು ಕನ್ನಡದಲ್ಲಿ ದೆವ್ವದ ಸಿನಿಮಾ ತೆಗೆಯುವ ಎಷ್ಟೋ ಜನ ಪೋಸ್ಟರ್ ಮೇಲೆ ಹೆಸರನ್ನು ಇಂಗ್ಲಿಷಿನಲ್ಲಿ ಆಳೆತ್ತರ ಬರೆಸಿ, ಕನ್ನಡವನ್ನು ಕೆಳಗಡೆ ಮೂಲೆಯಲ್ಲಿ ಇರುವೆ ಸಾಲಿನ ಹಾಗೆ ಬಿಡುತ್ತಾರೆ.

ಇದು ಬರೀ ಅಭಿಮಾನದ ಮಾತಲ್ಲ ಸ್ವಾಮಿ, ವ್ಯಾಪಾರದ ಮಾತು. ದೆವ್ವದ ಪೋಸ್ಟರ್ ಜನರನ್ನು ಹೇಗೆ ಹಿಡಿಯುತ್ತದೆ ಎಂದು ಸ್ವಲ್ಪ ನೋಡೋಣ.

ಪ್ರೇಮದ ಚಿತ್ರಕ್ಕೆ ಹೂವು, ಹೊಡೆದಾಟದ ಚಿತ್ರಕ್ಕೆ ಬೆಂಕಿ, ದೆವ್ವದ ಚಿತ್ರಕ್ಕೆ ಕತ್ತಲೆ. ಕಾಗದದ ಮುಕ್ಕಾಲು ಪಾಲು ಕಪ್ಪು. ಈ ಕಪ್ಪು ಸುಮ್ಮನೆ ಬರುವುದಿಲ್ಲ. ಕಪ್ಪು ಇಂಕು ಒಂದನ್ನೇ ಹೊಡೆದರೆ ಅಗ್ಗದ ಪೋಸ್ಟರ್ ಕಾಗದದ ಮೇಲೆ ಒಣಗಿ ಬೂದಿಯ ಬಣ್ಣಕ್ಕೆ ತಿರುಗುತ್ತದೆ. ಅಡಿಯಲ್ಲಿ ನೀಲಿಯ ಹಾಸು ಕೊಟ್ಟು ಮೇಲೆ ಕಪ್ಪು ಕೊಟ್ಟರೆ ಬಾವಿಯೊಳಗೆ ಇಣುಕಿದಂಥ ಕಪ್ಪು ಸಿಗುತ್ತದೆ. ಆ ಕಪ್ಪಿನ ನಡುವೆ ಎಲ್ಲಾದರೂ ಒಂದು ಕಡೆ ಬೆಳಕು: ಹಾಳು ಬಂಗಲೆಯ ಒಂದೇ ಕಿಟಕಿ, ಮೆಟ್ಟಿಲ ತುದಿಯ ಲಾಂದ್ರ, ಇಲ್ಲವೇ ಒಂದು ಕಣ್ಣು. ಕಣ್ಣು ಮೊದಲು ಆ ಬೆಳಕಿಗೆ ಹೋಗಿ, ಆಮೇಲೆ ಸುತ್ತ ಏನಿದೆ ಎಂದು ತಡಕಾಡುತ್ತದೆ. ಹಾಗೆ ತಡಕಾಡಲು ನಿಂತವನು ಅರ್ಧ ಟಿಕೆಟ್ ತೆಗೆದುಕೊಂಡ ಹಾಗೆ. 1973ರ ‘ಎಕ್ಸಾರ್ಸಿಸ್ಟ್’ ಎಂಬ ಅಮೆರಿಕದ ಚಿತ್ರದ ಪೋಸ್ಟರ್ ನೋಡಿ. ದೆವ್ವವೇ ಇಲ್ಲ! ಬೀದಿ ದೀಪದ ಕೆಳಗೆ ಚೀಲ ಹಿಡಿದು ನಿಂತ ಒಬ್ಬ ಮನುಷ್ಯ, ಮೇಲಿನ ಕಿಟಕಿಯಿಂದ ಬೀಳುವ ಬೆಳಕು, ಅಷ್ಟೇ. ಆ ಕಿಟಕಿಯೊಳಗೆ ಏನಿದೆ ಎಂದು ಐವತ್ತು ವರ್ಷದಿಂದ ಜನ ಹೆದರುತ್ತಿದ್ದಾರೆ.

ಮುಖ ತೋರಿಸುವುದಾದರೆ ಬೆಳಕು ಕೆಳಗಿನಿಂದ ಬೀಳಬೇಕು. ಸೂರ್ಯ, ಚಂದ್ರ, ಮನೆಯ ಬಲ್ಬು ಎಲ್ಲವೂ ಮೇಲಿನಿಂದ ಬೆಳಗುತ್ತವೆ, ಅದಕ್ಕೇ ನಾವು ಒಗ್ಗಿದ್ದೇವೆ. ಗದ್ದದ ಕೆಳಗೆ ಟಾರ್ಚ್ ಹಿಡಿದು ತಂಗಿಯನ್ನು ಹೆದರಿಸಿದ ಹುಡುಗರಿಗೆಲ್ಲ ಈ ವಿದ್ಯೆ ಗೊತ್ತು. ಹಿಂದಿಯ ರಾಮ್ಸೆ ಸಹೋದರರು ಇದನ್ನೇ ನಂಬಿ ಬದುಕಿದರು. 1984ರ ‘ಪುರಾನಾ ಮಂದಿರ್’, 1988ರ ‘ವೀರಾನಾ’ ಕಾಲದ ಅವರ ಪೋಸ್ಟರ್‌ಗಳಲ್ಲಿ ವಿಕಾರ ಮುಖ, ಹಳೆಯ ಹವೇಲಿ, ಜೊತೆಗೆ ಅರೆಬಟ್ಟೆಯ ನಾಯಕಿ. ಭಯ ಅರ್ಧ, ಇನ್ನೊಂದು ಅರ್ಧ ಏನೆಂದು ಹೇಳಬೇಕಾಗಿಲ್ಲ. ‘ಎ’ ಸರ್ಟಿಫಿಕೇಟ್ ಬಂದರೆ ಉಳಿದವರು ತಲೆ ಮೇಲೆ ಕೈ ಹೊತ್ತುಕೊಳ್ಳುತ್ತಿದ್ದ ಕಾಲದಲ್ಲಿ, ದೆವ್ವದ ಚಿತ್ರದವರು ಆ ಅಕ್ಷರವನ್ನೇ ದಪ್ಪಗೆ ಅಚ್ಚು ಹಾಕಿಸಿ ಗಿರಾಕಿ ಕರೆಯುತ್ತಿದ್ದರು.

ಇನ್ನು ಸವಾಲಿನ ಸಾಲುಗಳು. ‘ಗುಂಡಿಗೆ ಗಟ್ಟಿ ಇರುವವರಿಗೆ ಮಾತ್ರ’, ‘ಗರ್ಭಿಣಿಯರು ಬರಬೇಡಿ’ ಎಂಬ ಜಾತಿಯವು. ಬರಬೇಡ ಎಂದರೆ ಬರುವುದು ಮನುಷ್ಯನ ಗುಣ. 1958ರಲ್ಲಿ ವಿಲಿಯಂ ಕ್ಯಾಸಲ್ ಎಂಬ ಅಮೆರಿಕದ ನಿರ್ಮಾಪಕ ‘ಮಕಾಬ್ರ್’ ಚಿತ್ರ ನೋಡಿ ಹೆದರಿ ಸತ್ತವರಿಗೆ 1000 ಡಾಲರ್ ವಿಮೆ ಎಂದು ಜಾಹೀರಾತು ಕೊಟ್ಟಿದ್ದ. ಅರ್ಧ ಶತಮಾನ ಕಳೆದ ಮೇಲೆ 2008ರಲ್ಲಿ ರಾಮ್‌ಗೋಪಾಲ್ ವರ್ಮಾ ‘ಫೂಂಕ್’ ಚಿತ್ರವನ್ನು ಒಬ್ಬರೇ ಕುಳಿತು ನೋಡಿದವರಿಗೆ 5 ಲಕ್ಷ ರೂಪಾಯಿ ಎಂದು ಸಾರಿದರು. ಆ ಚಿತ್ರದ ನಾಯಕ ನಮ್ಮ ಸುದೀಪ್. ಹಳೆ ಮದ್ಯ, ಹೊಸ ಬಾಟಲಿ.

ಚಿತ್ರ ಮತ್ತು ಸವಾಲು ಎಲ್ಲ ದೇಶದವರೂ ಬಳಸುವ ಸರಕು. ಯಾರದನ್ನು ಯಾರು ಬೇಕಾದರೂ ಎತ್ತಬಹುದು, ಎತ್ತುತ್ತಲೂ ಇದ್ದಾರೆ. ಜಪಾನಿನ ‘ರಿಂಗು’ 1998ರಲ್ಲಿ ಬಂದ ಮೇಲೆ ಜಗತ್ತಿನ ದೆವ್ವಗಳೆಲ್ಲ ಕೂದಲನ್ನು ಮುಖದ ಮುಂದಕ್ಕೆ ಹಾಕಿಕೊಂಡವು. ನಮ್ಮ ಮೋಹಿನಿಯೂ ಹಾಗೇ ಆದಳು. ಅವಳ ಹಿಮ್ಮುಖದ ಪಾದ ಎಲ್ಲಿ ಹೋಯಿತು? ಮಲ್ಲಿಗೆಯ ವಾಸನೆ, ಗೆಜ್ಜೆ, ಬಿಳಿ ಸೀರೆ ಎಲ್ಲಿ? ಹುಣಸೆಮರ ಎಲ್ಲಿ? ಅಜ್ಜಿ ಹೇಳಿದ ಕಥೆಯಲ್ಲಿ ನಾವು ಮೊದಲು ನೋಡುತ್ತಿದ್ದದ್ದು ಪಾದವನ್ನು. ಒಂದು ಮಣ್ಣಿನ ದಾರಿ, ಹೋಗುವವಳ ಬೆನ್ನು, ನಮ್ಮ ಕಡೆ ತಿರುಗಿದ ಬೆರಳುಗಳು. ಇಷ್ಟು ಹಾಕಿ ಒಂದು ಪೋಸ್ಟರ್ ಮಾಡಿ ನೋಡಿ, ಕರ್ನಾಟಕದ ಯಾವ ಹಳ್ಳಿಯವನಿಗೂ ವಿವರಣೆ ಬೇಡ.

ಆದರೆ ಪೋಸ್ಟರಿನಲ್ಲಿ ಕದಿಯಲಾಗದ ಒಂದು ವಸ್ತು ಇದೆ. ಅದು ಅಕ್ಷರ. ಚಿತ್ರವನ್ನು ಕಣ್ಣು ನೋಡುತ್ತದೆ, ಅಕ್ಷರವನ್ನು ಒಳಗಿನ ದನಿ ಓದುತ್ತದೆ. ‘ನಾಳೆ ಬಾ’ ಎಂಬುದನ್ನು ಕಂಡ ಕೂಡಲೇ ಅದು ನಮ್ಮ ತಾಯಿಯ ದನಿಯಲ್ಲೋ ನೆರೆಮನೆಯವಳ ದನಿಯಲ್ಲೋ ಕಿವಿಗೆ ಬಿತ್ತು, ಅದಕ್ಕೇ ಹೆದರಿದೆವು. ‘ಕಮ್ ಟುಮಾರೊ’ ಎಂದು ಬರೆದಿದ್ದರೆ ಯಾರೋ ಬಿಲ್ ವಸೂಲಿಗೆ ಬಂದಿದ್ದಾರೆ ಎಂದುಕೊಳ್ಳುತ್ತಿದ್ದೆವು!

1979ರ ‘ನಾ ನಿನ್ನ ಬಿಡಲಾರೆ’ ನೆನಪಿಸಿಕೊಳ್ಳಿ. ಅನಂತನಾಗ್ ಮೈಮೇಲೆ ದೆವ್ವ, ಅವರನ್ನು ಉಳಿಸಿಕೊಳ್ಳಲು ಹೋರಾಡುವ ಹೆಂಡತಿಯಾಗಿ ಲಕ್ಷ್ಮಿ. ಆ ಹೆಸರನ್ನು ಹೆಂಡತಿ ಹೇಳಿದರೆ ಪ್ರೀತಿ, ದೆವ್ವ ಹೇಳಿದರೆ ಶಾಪ. ಮೂರು ಪದದಲ್ಲಿ ಇಡೀ ಕಥೆ ಇದೆ. ಇದನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆದರೆ ಮೊದಲು ಕೂಡಿಸಿ ಓದಬೇಕು, ಆಮೇಲೆ ಅರ್ಥವಾಗಬೇಕು. ಅಷ್ಟರಲ್ಲಿ ಬಸ್ಸು ಮುಂದಿನ ಸ್ಟಾಪಿಗೆ ಹೋಗಿರುತ್ತದೆ. 1993ರಲ್ಲಿ ಉಪೇಂದ್ರ ‘ಶ್!’ ಎಂದು ಹೆಸರಿಟ್ಟರು. ಒಂದೇ ಅಕ್ಷರ, ಓದಿದವನ ಬೆರಳು ತಾನಾಗಿ ತುಟಿಗೆ ಹೋಗಬೇಕು. 2013ರ ‘6-5=2’ ಚಿತ್ರಕ್ಕೆ ಬರೀ ಅಂಕಿ. ಒಳ್ಳೆಯ ಉಪಾಯವೇ, ತಪ್ಪಿದ ಲೆಕ್ಕ ಕಂಡವನು ನಿಂತು ನೋಡುತ್ತಾನೆ. ೬-೫=೨ ಎಂದು ನಮ್ಮ ಅಂಕಿಯಲ್ಲಿ ಹಾಕಿದ್ದರೆ ಮಂತ್ರವಾದಿಯ ತಗಡಿನ ಮೇಲೆ ಕೊರೆದ ಯಂತ್ರದ ಹಾಗೆ ಕಾಣುತ್ತಿತ್ತು ಎಂಬುದು ನನ್ನ ಆಸೆ.

ಅಕ್ಷರಕ್ಕೆ ಎಷ್ಟು ಬೆಲೆ ಎಂಬುದು ಹಿಚ್‌ಕಾಕ್‌ಗೆ ಗೊತ್ತಿತ್ತು. 1960ರ ‘ಸೈಕೋ’ ಚಿತ್ರದ ಹೆಸರು ನಡುವೆ ಸೀಳಿದ ಅಕ್ಷರಗಳಲ್ಲಿದೆ. ಅದನ್ನು ಬರೆದವರು ಟೋನಿ ಪಲ್ಲಾಡಿನೊ, ಮೂಲ ಕಾದಂಬರಿಯ ಮುಖಪುಟಕ್ಕೆ. ಹಿಚ್‌ಕಾಕ್ ಕಥೆಯ ಹಕ್ಕಿನ ಜೊತೆಗೆ ಆ ಅಕ್ಷರಗಳ ಹಕ್ಕನ್ನೂ ಕೊಂಡುಕೊಂಡರು! ನಮ್ಮಲ್ಲಿ ನಾಯಕನ ಕೂಲಿಂಗ್ ಗ್ಲಾಸಿಗೆ ಬಜೆಟ್ ಇದೆ, ಹೆಸರು ಬರೆಯುವ ಕಲಾವಿದನಿಗೆ ಇಲ್ಲ.

ಅವರ ಅಕ್ಷರಕ್ಕಿಂತ ನಮ್ಮದು ಯಾವುದರಲ್ಲಿ ಕಡಿಮೆ? ರಕ್ತ ಸೋರುವ ಅಕ್ಷರ ಎಂಬುದು ದೆವ್ವದ ಪೋಸ್ಟರಿನ ಹಳೇ ಪದ್ಧತಿ. ಇಂಗ್ಲಿಷ್ ಅಕ್ಷರ ನೆಟ್ಟಗೆ ನಿಂತ ಕಂಬ, ರಕ್ತ ಕೆಳಕ್ಕೆ ಇಳಿಯುತ್ತದೆ, ಅಲ್ಲಿಗೆ ಮುಗಿಯಿತು. ಕನ್ನಡದ ಅಕ್ಷರ ದುಂಡಗಿದೆ, ಹೆದರಿಸಲು ಬಾರದು ಎನ್ನುವ ಡಿಸೈನರ್‌ಗಳಿದ್ದಾರೆ. ಅವರು ಕನ್ನಡವನ್ನು ಕೈಯಲ್ಲಿ ಬರೆದು ನೋಡಿಲ್ಲ. ತಲೆಕಟ್ಟನ್ನು ಚೂಪು ಮಾಡಿದರೆ ಕೊಂಬು ಮೂಡಿದ ಹಾಗೆ. ಒತ್ತಕ್ಷರ ಕೆಳಗೆ ನೇತಾಡುತ್ತದೆ, ಬಾವಲಿಯ ಹಾಗೆ. ಸೊನ್ನೆಯೊಳಗೆ ಚುಕ್ಕಿ ಇಟ್ಟರೆ ಕಣ್ಣು, ಖಾಲಿ ಬಿಟ್ಟರೆ ತಲೆಬುರುಡೆಯ ಗುಳಿ. ವಟ್ರಸುಳಿಯನ್ನು ಹಾವಿನ ಬಾಲ ಮಾಡಬಹುದು. 2016ರ ‘ಕರ್ವ’ ಎಂಬ ಹೆಸರನ್ನೇ ತೆಗೆದುಕೊಳ್ಳಿ. ಅದರಲ್ಲಿ ಅರ್ಕಾವೊತ್ತು ಇದೆ, ಕುಡುಗೋಲಿನಂತೆ ಎಳೆಯಬಹುದಾದ ಗುರುತು. ಅದನ್ನೇ ಇಂಗ್ಲಿಷಿಗೆ ತರುವಾಗ ಎರಡೆರಡು ‘ವಿ’ ಹಾಕಬೇಕಾಯಿತು. ಒತ್ತು ಕೊಡಲು ಬಾರದ ಲಿಪಿಯ ಪಾಡು ಅದು.

ಇದಕ್ಕೆ ಗಾಂಧಿನಗರದಲ್ಲಿ ಸಿಗುವ ಉತ್ತರ ನನಗೆ ಬಾಯಿಪಾಠವಾಗಿದೆ. ಮೊದಲನೆಯದು, ‘ಕನ್ನಡ ಫಾಂಟ್ ಚೆನ್ನಾಗಿಲ್ಲ’. ನಿಜ, ಇಂಗ್ಲಿಷಿನಲ್ಲಿ ರಕ್ತ ಸೋರುವ, ಗೀರು ಬಿದ್ದ ಫಾಂಟ್‌ಗಳು ಪುಕ್ಕಟೆ ಸಿಗುತ್ತವೆ, ಕನ್ನಡದಲ್ಲಿ ಹಾಗಿಲ್ಲ. ನುಡಿ, ಬರಹ ತಂತ್ರಾಂಶಗಳ ಅಕ್ಷರ ಪತ್ರ ಬರೆಯಲು ಇರುವುದು, ಅದರಲ್ಲಿ ದೆವ್ವದ ಹೆಸರು ಹಾಕಿದರೆ ಗ್ರಾಮ ಪಂಚಾಯಿತಿ ನೋಟಿಸಿನಂತೆ ಕಾಣುತ್ತದೆ. ಪರಿಹಾರ ಇಂಗ್ಲಿಷಿಗೆ ಓಡುವುದೋ, ಕೈಬರಹದ ಕಲಾವಿದನನ್ನು ಕರೆಯುವುದೋ? ಬೋರ್ಡ್ ಬರೆಯುತ್ತಿದ್ದವರು ಫ್ಲೆಕ್ಸ್ ಬಂದ ಮೇಲೆ ಕೆಲಸವಿಲ್ಲದೆ ಕೂತಿದ್ದಾರೆ. ಹೊಸ ಹುಡುಗರಲ್ಲೂ ಬ್ರಷ್ ಹಿಡಿದು ಸೊಗಸಾಗಿ ಬರೆಯುವವರಿದ್ದಾರೆ. ಒಂದು ಹೆಸರಿಗೆ ಎರಡು ದಿನದ ಕೆಲಸ.

ಎರಡನೆಯ ಉತ್ತರ, ‘ಈಗ ಎಲ್ಲವೂ ಪ್ಯಾನ್ ಇಂಡಿಯಾ’. ‘ಕೆಜಿಎಫ್’ 2018ರಲ್ಲಿ ಐದು ಭಾಷೆಯಲ್ಲಿ ಗೆದ್ದ ಮೇಲೆ ಎಲ್ಲರಿಗೂ ಆ ಹುಚ್ಚು. ಸರಿ, ತೆಲುಗರಿಗೆ ತೆಲುಗಿನಲ್ಲಿ, ತಮಿಳರಿಗೆ ತಮಿಳಿನಲ್ಲಿ ಪೋಸ್ಟರ್ ಮಾಡಿ. ಬೇಡ ಎಂದವರು ಯಾರು? ಚಾಮರಾಜನಗರದ ಗೋಡೆಗೆ ಅಂಟಿಸುವ ಪೋಸ್ಟರ್ ಯಾವ ಇಂಡಿಯಾಕ್ಕೆ? ಕೆಲವು ಡಬ್ಬಿಂಗ್ ಚಿತ್ರಗಳ ಪೋಸ್ಟರ್‌ನಲ್ಲಿ ಕನ್ನಡ ಅಕ್ಷರ ನಮ್ಮವರ ಚಿತ್ರಕ್ಕಿಂತ ದೊಡ್ಡದಾಗಿ ಕಾಣುತ್ತಿದೆ. ಹೊರಗಿನವನಿಗೆ ನಮ್ಮ ಜೇಬಿನ ದಾರಿ ಗೊತ್ತಾಗಿದೆ, ಒಳಗಿನವನಿಗೆ ಗೊತ್ತಾಗಿಲ್ಲ.

ಮೂರನೆಯದು, ‘ಕೆಳಗೆ ಕನ್ನಡವೂ ಇದೆಯಲ್ಲ’. ಇದಕ್ಕೆ ಮಿಷನ್ ಮುಂದೆ ನಿಲ್ಲುವವನೇ ಉತ್ತರ ಕೊಡಬೇಕು. ನಾಲ್ಕು ಬಣ್ಣ ಒಂದರ ಮೇಲೊಂದು ಬಿದ್ದ ಕಡುಗಪ್ಪಿನ ನಡುವೆ ಸಣ್ಣ ಬಿಳಿ ಅಕ್ಷರ ಬಿಟ್ಟರೆ, ಪ್ಲೇಟು ಕೂದಲೆಳೆಯಷ್ಟು ಸರಿದರೂ ಅಕ್ಷರದ ಒಳಗೆ ಇಂಕು ತುಂಬುತ್ತದೆ. ಇಂಗ್ಲಿಷ್ ಹೇಗೋ ಬದುಕುತ್ತದೆ. ಕನ್ನಡದ ಒತ್ತು, ಸುಳಿ, ಸೊನ್ನೆ ಮೊದಲು ಮುಚ್ಚಿಹೋಗುತ್ತವೆ. ಪ್ರೂಫ್ ತೋರಿಸಿ ‘ಸಾರ್, ಕನ್ನಡ ಓದಲು ಬರುತ್ತಿಲ್ಲ’ ಎಂದು ಒಬ್ಬ ನಿರ್ಮಾಪಕರಿಗೆ ಹೇಳಿದೆ. ‘ಕನ್ನಡದವರಿಗೆ ಹೇಗೂ ಗೊತ್ತಾಗುತ್ತೆ ಬಿಡಪ್ಪ’ ಎಂದರು. ಅದು ಕನ್ನಡ ಚಿತ್ರ, ಕನ್ನಡದವರ ದುಡ್ಡಿಗೇ ಕಾದಿರುವ ಚಿತ್ರ! ಮೊಬೈಲಿನಲ್ಲಿ ಪೋಸ್ಟರ್ ಹೆಬ್ಬೆರಳಿನ ಉಗುರಿನಷ್ಟಾದಾಗ ಆ ಕೆಳಗಿನ ಕನ್ನಡ ಧೂಳಿನ ಚುಕ್ಕಿ.

ರಾಜ್ಯದಲ್ಲಿ ಅಂಗಡಿ, ಹೋಟೆಲುಗಳ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂದು 2024ರಲ್ಲಿ ಕಾಯ್ದೆ ತಿದ್ದಿದ್ದಾರೆ. ಅದಕ್ಕಾಗಿ ನಮ್ಮ ಕಾರ್ಯಕರ್ತರು ಬೀದಿಗಿಳಿದರು, ಜೈಲಿಗೂ ಹೋಗಿ ಬಂದರು. ಬಟ್ಟೆ ಅಂಗಡಿಯ ಮಾರ್ವಾಡಿಯನ್ನು ಕೇಳಿದ ನಾವು ಕನ್ನಡ ಚಿತ್ರದ ನಿರ್ಮಾಪಕನನ್ನು ಕೇಳಬಾರದೇ? ಚಿತ್ರದ ಹೆಸರು ನೋಂದಾಯಿಸುವುದು ವಾಣಿಜ್ಯ ಮಂಡಳಿ. ನೋಂದಣಿಯ ಹೊತ್ತಿಗೇ ಕನ್ನಡ ಲಿಪಿಯ ವಿನ್ಯಾಸ ಕೊಡಬೇಕು, ಕರ್ನಾಟಕದೊಳಗಿನ ಪ್ರತಿ ಪೋಸ್ಟರ್‌ನಲ್ಲೂ ಅದೇ ಮೇಲೆ, ಅದೇ ದೊಡ್ಡದು ಎಂದು ಮಂಡಳಿ ನಿಯಮ ಮಾಡಲಿ. ಸರ್ಕಾರ ಕನ್ನಡ ಚಿತ್ರಗಳಿಗೆ ಸಹಾಯಧನ ಕೊಡುತ್ತದೆ, ಅದು ನಮ್ಮ ತೆರಿಗೆಯ ಹಣ. ಅರ್ಜಿಯ ಜೊತೆ ಪೋಸ್ಟರನ್ನೂ ತರಿಸಿಕೊಂಡು ಸ್ಕೇಲ್ ಇಟ್ಟು ಅಳೆಯಲಿ. ಮತ್ತು ಹೆಸರು ಬರೆದ ಕಲಾವಿದನ ಹೆಸರನ್ನು ಪೋಸ್ಟರ್ ಮೂಲೆಯಲ್ಲಿ ಹಾಕಲಿ, ಆ ಮೂಲೆಗೆ ಸಣ್ಣ ಅಕ್ಷರವಾದರೂ ಚಿಂತೆಯಿಲ್ಲ.

ಮುಂದಿನ ದೆವ್ವದ ಚಿತ್ರದ ಮುಹೂರ್ತಕ್ಕೆ ಹಾರ ಹಿಡಿದು ಹೋಗುವ ಸಂಘಟನೆಯ ಗೆಳೆಯರು ಈ ಮೂರು ಬೇಡಿಕೆಗಳನ್ನೂ ಬರೆದು ಕೈಗೆ ಕೊಟ್ಟು ಬರಲಿ. ನಾಳೆ ಬಾ ಎಂದರೆ ಒಪ್ಪಬೇಡಿ.