ಚಾರ್ಜರ್ ಪಿನ್ನಿನ ಸೀಸಕ್ಕೆ ರಿಯಾಯಿತಿ ಯಾಕೆ?

ಆನ್‌ಲೈನ್‌ನಲ್ಲಿ ಚಾರ್ಜರ್ ತಗೊಳ್ಳುವಾಗ ವಿವರಗಳ ಪಟ್ಟಿಯಲ್ಲಿ ‘ಆರ್‌ಒಎಚ್‌ಎಸ್’ ಅನ್ನೋ ನಾಲ್ಕಕ್ಷರ ನೋಡಿರ್ತೀರಿ. ‘ಇದರಲ್ಲಿ ಸೀಸ, ಪಾದರಸ ಏನೂ ಇಲ್ಲ’ ಅಂತ ಅದನ್ನು ಓದಿಕೊಳ್ಳೋರೇ ಜಾಸ್ತಿ. ಆದರೆ ಸೀಸ ಇರಬಹುದು, ಅದೂ ಕಾನೂನಿನ ಒಪ್ಪಿಗೆ ಪಡೆದೇ!

ಈ ಕಾನೂನು ಹುಟ್ಟಿದ್ದು ಯುರೋಪಿನಲ್ಲಿ. 2006ರ ಜುಲೈ 1ರಿಂದ ಅಲ್ಲಿ ಮಾರಾಟವಾಗುವ ಎಲೆಕ್ಟ್ರಾನಿಕ್ ಸಾಮಾನುಗಳಲ್ಲಿ ಸೀಸ, ಪಾದರಸ, ಕ್ಯಾಡ್ಮಿಯಂ, ಒಂದು ಬಗೆಯ ಕ್ರೋಮಿಯಂ ಮತ್ತು ಪ್ಲಾಸ್ಟಿಕ್‌ಗೆ ಬೇಗ ಬೆಂಕಿ ಹತ್ತದಂತೆ ಬೆರೆಸುವ ಎರಡು ರಾಸಾಯನಿಕಗಳಿಗೆ ಕಡಿವಾಣ ಬಿತ್ತು. ಕ್ಯಾಡ್ಮಿಯಂಗೆ ಮಿತಿ ಶೇ 0.01, ಉಳಿದವಕ್ಕೆ ಶೇ 0.1. ಇಡೀ ಫೋನಿನ ತೂಕಕ್ಕೆ ಈ ಲೆಕ್ಕ ಹಾಕೋ ಹಾಗಿಲ್ಲ. ವೈರಿನ ಮೇಲಿನ ಪ್ಲಾಸ್ಟಿಕ್, ಬೆಸುಗೆಯ ಒಂದು ಚುಕ್ಕೆ ಹೀಗೆ ಒಂದೊಂದು ವಸ್ತುವಿಗೂ ಬೇರೆ ಬೇರೆ ಲೆಕ್ಕ. ನಮ್ಮ ದೇಶದಲ್ಲೂ 2011ರ ಇ-ತ್ಯಾಜ್ಯ ನಿಯಮಗಳ ಮೂಲಕ ಇದೇ ಆರು ವಸ್ತುಗಳಿಗೆ ಮಿತಿ ಬಂತು; 2014ರ ಮೇ 1ರಿಂದ ಅದು ಜಾರಿಯಲ್ಲಿದೆ.

ಎರಡೂ ಕಡೆ ನಿಯಮದ ಜೊತೆಗೇ ವಿನಾಯಿತಿಗಳ ಉದ್ದ ಪಟ್ಟಿಯೂ ಇದೆ. ಉದಾಹರಣೆಗೆ ಹಿತ್ತಾಳೆಯಂಥ ತಾಮ್ರದ ಮಿಶ್ರಲೋಹದಲ್ಲಿ ಶೇ 4ರವರೆಗೆ ಸೀಸ ಇರಬಹುದು. ಮಾಮೂಲಿ ಮಿತಿಗಿಂತ ನಲವತ್ತು ಪಟ್ಟು! ಪ್ಲಗ್ಗಿನ ಹಿತ್ತಾಳೆ ಪಿನ್ನಿಗೂ ಈ ರಿಯಾಯಿತಿ ಸಿಗುತ್ತೆ. ಸೀಸ ಬೆರೆತರೆ ಲೇತ್ ಮೇಲೆ ಹಿತ್ತಾಳೆ ಸಲೀಸಾಗಿ ಕಟ್ ಆಗುತ್ತೆ ಅನ್ನೋದೇ ಕಾರಣ.

ಇನ್ನೊಂದು ಕೇಸ್ ಸ್ವಲ್ಪ ತಮಾಷೆಯದ್ದು. ಹಳೆಯ ಸೀಸ-ತವರದ ಬೆಸುಗೆ 183 ಡಿಗ್ರಿಗೆ ಕರಗುತ್ತಿತ್ತು. ಅದರ ಜಾಗಕ್ಕೆ ಬಂದ, ಸೀಸವಿಲ್ಲದ ಬೆಸುಗೆ ಕರಗಲು ಸುಮಾರು 217 ಡಿಗ್ರಿ ಬೇಕು. ಬೋರ್ಡನ್ನು ಅಷ್ಟು ಬಿಸಿ ಮಾಡಿದಾಗ ಬಿಡಿಭಾಗಗಳ ಒಳಗಿನ ಬೆಸುಗೆ ಕರಗಿಬಿಡಬಾರದಲ್ಲ? ಅದಕ್ಕೆ ಕೆಲವು ಬಿಡಿಭಾಗಗಳೊಳಗೆ ಶೇ 85ಕ್ಕೂ ಹೆಚ್ಚು ಸೀಸವಿರುವ, ತುಂಬಾ ಬಿಸಿಗೆ ಮಾತ್ರ ಕರಗುವ ಬೆಸುಗೆಗೆ ಅನುಮತಿ ಇದೆ.

ಹಾಗಾದರೆ ಇದೆಲ್ಲ ಕಂಪನಿಗಳಿಗೆ ಬಿಟ್ಟ ಕಳ್ಳದಾರಿಯಾ? ಹಾಗೆ ಹೇಳೋಕಾಗಲ್ಲ. ಯುರೋಪಿನಲ್ಲಿ ವಿನಾಯಿತಿ ಬೇಕೆಂದರೆ ಈ ಮೂರರಲ್ಲಿ ಒಂದನ್ನಾದರೂ ತೋರಿಸಬೇಕು: ಬದಲಿ ವಸ್ತು ತಾಂತ್ರಿಕವಾಗಿ ಸಾಧ್ಯವಿಲ್ಲ, ಅದನ್ನು ನಂಬೋಕಾಗಲ್ಲ, ಇಲ್ಲವೇ ಅದರಿಂದ ಲಾಭಕ್ಕಿಂತ ಹಾನಿಯೇ ಹೆಚ್ಚು. ಅವಧಿಯೂ ಸೀಮಿತ, ಹೆಚ್ಚಿನ ಸಾಮಾನುಗಳಿಗೆ ಗರಿಷ್ಠ 5 ವರ್ಷ. ಮುಂದುವರಿಸಬೇಕಿದ್ದರೆ ಅದು ಮುಗಿಯೋ 18 ತಿಂಗಳ ಮೊದಲೇ ಮತ್ತೆ ಅರ್ಜಿ ಹಾಕಬೇಕು.

ಗಡುವು ನಿಜವಾಗಲೂ ಮುಗಿಯುತ್ತೆ ಅನ್ನೋದಕ್ಕೆ ಸಿಎಫ್‌ಎಲ್ ಬಲ್ಬೇ ಸಾಕ್ಷಿ. ಪಾದರಸ ಇಲ್ಲದೆ ಅದು ಬೆಳಗಲ್ಲ, ಹಾಗಾಗಿ ವರ್ಷಗಟ್ಟಲೆ ವಿನಾಯಿತಿ ಸಿಕ್ಕಿತ್ತು. ಎಲ್‌ಇಡಿ ಬಂದು ಅಗ್ಗವಾದ ಮೇಲೆ ‘ಬೇರೆ ದಾರಿಯಿಲ್ಲ’ ಅನ್ನೋ ವಾದಕ್ಕೆ ಬಲ ಉಳಿಯಲಿಲ್ಲ. 2023ರ ಫೆಬ್ರವರಿಯಲ್ಲಿ ಸಾಮಾನ್ಯ ಬಳಕೆಯ ಸಿಎಫ್‌ಎಲ್, ಆಗಸ್ಟ್‌ನಲ್ಲಿ ಮಾಮೂಲಿ ಟ್ಯೂಬ್‌ಲೈಟ್ ಅಲ್ಲಿ ವಿನಾಯಿತಿ ಕಳೆದುಕೊಂಡವು.

ಆದರೆ ಈ ಗಡುವು ಅನ್ವಯಿಸೋದು ಹೊಸದಾಗಿ ಮಾರುಕಟ್ಟೆಗೆ ಬರುವ ಸರಕಿಗೆ ಮಾತ್ರ. ನಮ್ಮ ಅಟ್ಟದಲ್ಲಿ, ಟಿವಿ ಸ್ಟ್ಯಾಂಡಿನ ಡ್ರಾಯರ್‌ನಲ್ಲಿ ಬಿದ್ದಿರೋ ಸೀಸ, ಪಾದರಸಕ್ಕೆ ಯಾವ ಗಡುವೂ ಇಲ್ಲ. ಹಳೇ ಬೋರ್ಡು ಗುಜರಿಗೆ ಹೋಗಿ, ಅಲ್ಲಿ ತಾಮ್ರಕ್ಕಾಗಿ ಅದನ್ನು ಸುಟ್ಟರೆ ಸೀಸ ಹೊಗೆ, ಬೂದಿಯಲ್ಲಿ ಸೇರುತ್ತೆ. ಮಕ್ಕಳ ಮಿದುಳಿನ ಬೆಳವಣಿಗೆಗೆ ಸೀಸ ಎಷ್ಟು ಕಡಿಮೆ ಇದ್ದರೂ ಸುರಕ್ಷಿತ ಅಂತ ಹೇಳೋ ಹಾಗಿಲ್ಲ.

ಅದಕ್ಕೇ ಈ ವಾರಾಂತ್ಯ ಆ ಡ್ರಾಯರ್ ಒಮ್ಮೆ ತೆಗೆಯಿರಿ. ಕೆಟ್ಟ ಚಾರ್ಜರ್, ಹಳೇ ಫೋನ್ ಒಂದು ಚೀಲಕ್ಕೆ ಹಾಕಿ. ವಾಪಸ್ ತಗೊಳ್ಳೋ ವ್ಯವಸ್ಥೆ ಇದೆಯಾ ಅಂತ ಆ ಕಂಪನಿಯ ವೆಬ್‌ಸೈಟ್‌ನಲ್ಲಿ ನೋಡಿ, ಇಲ್ಲವೇ ನೋಂದಾಯಿತ ಇ-ತ್ಯಾಜ್ಯ ಮರುಬಳಕೆದಾರರಿಗೆ ಕೊಡಿ. ಸಿಎಫ್‌ಎಲ್ ಸಿಕ್ಕರೆ ಒಡೆಯದಂತೆ ಪೇಪರ್‌ನಲ್ಲಿ ಸುತ್ತಿ ಬೇರೆ ಇಡಿ. ಕೈಜಾರಿ ಒಡೆದರೆ ಮೊದಲು ಕಿಟಕಿ ತೆಗೆದು, ಮಕ್ಕಳನ್ನು ಕರ್ಕೊಂಡು ಸ್ವಲ್ಪ ಹೊತ್ತು ಹೊರಗಿರಿ. ಚೂರುಗಳನ್ನು ಗಟ್ಟಿ ರಟ್ಟಿನಿಂದ ಎತ್ತಿ, ವ್ಯಾಕ್ಯೂಮ್ ಕ್ಲೀನರ್ ಮಾತ್ರ ಬೇಡ.