‘ಇನ್ನು ಸಾಕು’ ಎನ್ನುವವರು ಯಾರು?

ದ್ವಿತೀಯ ಪಿಯುಸಿ ಪರೀಕ್ಷೆಯ ದಿನಗಳಲ್ಲಿ ವಿಜಯಪುರದ ಮೊಹಲ್ಲಾಗಳಲ್ಲಿ ಎರಡು ಬಗೆಯ ಓಡಾಟ ಏಕಕಾಲಕ್ಕೆ ನಡೆಯುತ್ತದೆ. ಒಂದು, ಪ್ರವೇಶಪತ್ರ ಹಿಡಿದು ಪರೀಕ್ಷಾ ಕೇಂದ್ರಕ್ಕೆ ಹೋಗುವ ಮಕ್ಕಳ ಓಡಾಟ. ಇನ್ನೊಂದು, ಈದ್ ಕಳೆದ ಮೇಲಿನ ಯಾವುದಾದರೊಂದು ರವಿವಾರಕ್ಕೆ ಶಾದಿ ಮಹಲ್ ಖಾಲಿ ಇದೆಯೇ ಎಂದು ವಿಚಾರಿಸುವ ಹಿರಿಯರ ಓಡಾಟ. ಎಷ್ಟೋ ಬಾರಿ ಈ ಎರಡೂ ಓಡಾಟಗಳು ಒಂದೇ ಮನೆಯಿಂದ, ಒಂದೇ ಹುಡುಗಿಗಾಗಿ ಹೊರಟಿರುತ್ತವೆ. 2025ರಲ್ಲಿ ಪರೀಕ್ಷೆ ಮಾರ್ಚ್ 1ಕ್ಕೆ ಆರಂಭವಾಯಿತು, ಮರುದಿನವೇ ರಮಝಾನ್ ಉಪವಾಸವೂ ಆರಂಭವಾಯಿತು. ಸಹರಿಗೆ ಎದ್ದು, ಮನೆಮಂದಿಗೆ ರೊಟ್ಟಿ ತಟ್ಟಿ, ಫಜ್ರ್ ನಮಾಝ್ ಮುಗಿಸಿ, ರಸಾಯನಶಾಸ್ತ್ರದ ಪುಸ್ತಕ ತೆರೆದು ಕುಳಿತ ಹೆಣ್ಣುಮಕ್ಕಳು ನಮ್ಮ ಮನೆಗಳಲ್ಲೇ ಇದ್ದರು. ತಮ್ಮ ಮುಂದಿನ ಬದುಕಿನ ತೀರ್ಪು ಪಕ್ಕದ ಕೋಣೆಯಲ್ಲಿ ಆಗಲೇ ಬರೆದಾಗಿದೆ ಎಂಬುದು ಅವರಲ್ಲಿ ಎಷ್ಟು ಮಂದಿಗೆ ಗೊತ್ತಿತ್ತು?

ಇದನ್ನು ಬರೆಯಲು ಕಾರಣವಾದ ಒಂದು ಮನೆ ತಿಕೋಟಾದಲ್ಲಿದೆ. ದ್ರಾಕ್ಷಿ ತೋಟಗಳ ನಡುವಿನ ಊರು. ಮನೆಯ ಯಜಮಾನರು ಒಣದ್ರಾಕ್ಷಿಯ ಸಣ್ಣ ವ್ಯಾಪಾರಿ. ಸಜ್ಜನರು, ಐದು ಹೊತ್ತಿನ ನಮಾಝಿ, ಕುಡಿತ-ಜೂಜುಗಳ ಚಟವಿಲ್ಲದವರು. ಮಗಳು ವಿಜ್ಞಾನ ವಿಷಯದಲ್ಲಿ ಪ್ರಥಮ ದರ್ಜೆಗಿಂತಲೂ ಮೇಲಿನ ಅಂಕ ತಂದಿದ್ದಳು. ಮೊದಲು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವನೆಂಬ ಕಾರಣಕ್ಕೆ ನನ್ನನ್ನು ಕರೆಸಿದ್ದರು. ಸಲಹೆ ಕೇಳಲಿಕ್ಕಲ್ಲ, ಸಿಹಿ ತಿನ್ನಿಸಲಿಕ್ಕೆ. “ಪಿಯುಸಿ ಮುಗೀತಲ್ರಿ ಸರ್, ಇನ್ನ ಸಾಕ್ರಿ. ಛಲೋ ಮನೆತನ ಬಂದೈತಿ” ಎಂದರು. ಬಾಗಿಲ ಬಳಿ ನಿಂತಿದ್ದ ಹುಡುಗಿಯನ್ನು ನೋಡಿ, “ನಿನಗೇನು ಅನಿಸ್ತದವ್ವಾ?” ಎಂದು ಕೇಳಿದೆ. ಉತ್ತರಿಸಿದ್ದು ತಾಯಿ: “ಆಕಿಗೇನ್ ತಿಳೀತೈತ್ರಿ ಸರ್, ಇನ್ನೂ ಸಣ್ಣಾಕಿ.” ಮದುವೆಗೆ ದೊಡ್ಡವಳಾದವಳು, ಮಾತನಾಡಲು ಸಣ್ಣವಳು! ಆಕೆ ಚಹಾದ ಬಟ್ಟಲುಗಳನ್ನು ಎತ್ತಿಕೊಂಡು ಒಳಗೆ ಹೋದಳು. ಶೋಕೇಸಿನ ಮೇಲೆ ಆಕೆಯ ಸಿಇಟಿ ಅರ್ಜಿಯ ಪ್ರತಿ ಇತ್ತು. ತೆಗೆದು ನೋಡಿದೆ. ಪ್ರವರ್ಗದ ಕಲಮಿನಲ್ಲಿ 2ಬಿ ಎಂದು ಇರಬೇಕಾದಲ್ಲಿ ಸಾಮಾನ್ಯ ವರ್ಗ ಎಂದಿತ್ತು.

ಯಾಕೆ ಎಂದು ಕೇಳಿದರೆ ಯಜಮಾನರು ಸಹಜವಾಗಿಯೇ ಹೇಳಿದರು: ಪ್ರಮಾಣಪತ್ರ ಮಾಡಿಸಲು ಆಗಿರಲಿಲ್ಲವಂತೆ, ಅದು ಸೀಝನ್ ಸಮಯವಂತೆ. ಸಿಇಟಿ ಅರ್ಜಿ ತುಂಬುವುದು ಜನವರಿ-ಫೆಬ್ರವರಿಯಲ್ಲಿ. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆಯನ್ನು ಆಗಲೇ ನಮೂದಿಸಬೇಕು. ಪತ್ರವಿಲ್ಲದವನು ಎಷ್ಟೇ ಬಡವನಿರಲಿ, ಸಾಮಾನ್ಯ ವರ್ಗದಲ್ಲೇ ಸ್ಪರ್ಧಿಸಬೇಕು. ಅಂದರೆ ಈ ಹುಡುಗಿಯ ಓದು ನಿಂತದ್ದು ಮೇ ತಿಂಗಳಲ್ಲಿ ವರ ಬಂದಾಗ ಅಲ್ಲ. ನಾಡಕಚೇರಿಗೆ ಒಂದು ಬಾರಿ ಹೋಗಿಬರಲು ಮನೆಯಲ್ಲಿ ಯಾರಿಗೂ ಬಿಡುವಾಗದ ಜನವರಿಯಲ್ಲೇ ಅದು ನಿಂತಿತ್ತು. ಆಗ ಯಾರೂ ‘ಇನ್ನು ಸಾಕು’ ಎಂದು ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

2023ರ ಮಾರ್ಚ್‌ನಲ್ಲಿ ಅಂದಿನ ರಾಜ್ಯ ಸರ್ಕಾರ 2ಬಿ ಪ್ರವರ್ಗದ ಶೇ. 4ರ ಮೀಸಲಾತಿಯನ್ನು ರದ್ದುಗೊಳಿಸಲು ಹೊರಟಾಗ ನಾವು ಎಷ್ಟು ಕುದಿದೆವು! ಸಭೆಗಳಾದವು, ಮನವಿಗಳಾದವು, ವಿಷಯ ಸುಪ್ರೀಮ್ ಕೋರ್ಟಿಗೆ ಹೋಯಿತು, ಆದೇಶ ಜಾರಿಗೆ ಬರಲಿಲ್ಲ. ಕುದಿದದ್ದು ಸರಿಯೇ. ಆದರೆ ಹಾಗೆ ಉಳಿಸಿಕೊಂಡ ಶೇ. 4ರೊಳಗೆ ಕಾಲಿಡಲು ಬೇಕಾದ ಒಂದು ಕಾಗದವನ್ನು ನಮ್ಮ ಎಷ್ಟು ಮನೆಗಳು ಸಮಯಕ್ಕೆ ಮಾಡಿಸಿಟ್ಟುಕೊಂಡಿವೆ? ನಮ್ಮಿಂದ ಇತರರು ಕಸಿದುಕೊಂಡಾಗ ಅದು ಅನ್ಯಾಯ. ನಾವೇ ಕೈಚೆಲ್ಲಿದಾಗ ಅದು ‘ಸೀಝನ್’.

ಈ ಮಾತಿಗೆ ಒಂದು ಆಕ್ಷೇಪ ಬರುತ್ತದೆಂದು ಬಲ್ಲೆ. ‘ಸಮುದಾಯವನ್ನೇ ದೂರುವುದೇಕೆ, ಸರ್ಕಾರಗಳು ಮಾಡಿದ್ದು ಕಡಿಮೆಯೇ?’ ಕಡಿಮೆಯಲ್ಲ. 2006ರ ನವೆಂಬರ್‌ನಲ್ಲಿ ಬಂದ ಸಾಚಾರ್ ಸಮಿತಿಯ ವರದಿಯು ಮುಸ್ಲಿಮ್ ಹೆತ್ತವರು ಆಧುನಿಕ ಶಿಕ್ಷಣದ ವಿರೋಧಿಗಳೆಂಬ ಪುಕಾರನ್ನು ಅಂಕಿ-ಅಂಶಗಳೊಂದಿಗೆ ತಳ್ಳಿಹಾಕಿತ್ತು. ಮದ್ರಸಗಳಿಗೆ ಹೋಗುವವರು ಶಾಲಾ ವಯಸ್ಸಿನ ಮುಸ್ಲಿಮ್ ಮಕ್ಕಳಲ್ಲಿ ಶೇ. 3ರಷ್ಟು ಮಾತ್ರ ಎಂದಿತ್ತು. ಅದಾಗಿ 16 ವರ್ಷಗಳ ಬಳಿಕ, 2022ರಲ್ಲಿ, ಕೇಂದ್ರ ಸರ್ಕಾರವು ಅಲ್ಪಸಂಖ್ಯಾತರ ಮೆಟ್ರಿಕ್-ಪೂರ್ವ ವಿದ್ಯಾರ್ಥಿವೇತನವನ್ನು 9 ಮತ್ತು 10ನೇ ತರಗತಿಗೆ ಸೀಮಿತಗೊಳಿಸಿತು. ಸಂಶೋಧನಾ ವಿದ್ಯಾರ್ಥಿಗಳಿಗಿದ್ದ ಮೌಲಾನಾ ಆಝಾದ್ ಫೆಲೋಶಿಪ್ಪನ್ನು ನಿಲ್ಲಿಸಿತು. ಅದೇ ವರ್ಷ ಫೆಬ್ರವರಿಯಲ್ಲಿ ಕರ್ನಾಟಕದ ಕಾಲೇಜುಗಳ ಗೇಟಿನಲ್ಲಿ ತಲೆವಸ್ತ್ರದ ಹೆಸರಲ್ಲಿ ನಮ್ಮ ಹೆಣ್ಣುಮಕ್ಕಳನ್ನು ತಡೆದು ನಿಲ್ಲಿಸಿದ್ದನ್ನು ದೇಶವೇ ನೋಡಿತು. ಹೈಕೋರ್ಟ್ ಮಾರ್ಚ್‌ನಲ್ಲಿ ಸರ್ಕಾರದ ಆದೇಶವನ್ನು ಎತ್ತಿಹಿಡಿಯಿತು, ಅಕ್ಟೋಬರ್‌ನಲ್ಲಿ ಸುಪ್ರೀಮ್ ಕೋರ್ಟಿನ ಇಬ್ಬರು ನ್ಯಾಯಾಧೀಶರು ಭಿನ್ನ ತೀರ್ಪು ಕೊಟ್ಟರು. ಇವೆಲ್ಲವೂ ಸತ್ಯ. ಈ ಪ್ರತಿಯೊಂದರ ವಿರುದ್ಧವೂ ಮಾತನಾಡಬೇಕು, ಮಾತನಾಡಿದ್ದೇವೆ.

ಆದರೆ ಆ ಗೇಟಿನ ಮುಂದೆ ನಿಂತಿದ್ದ ಹುಡುಗಿ ಏನು ಕೇಳುತ್ತಿದ್ದಳು? ನನ್ನನ್ನು ಒಳಗೆ ಬಿಡಿ, ನಾನು ಓದಬೇಕು ಎಂದಲ್ಲವೇ? ಅಂದು ಅವಳ ಪರವಾಗಿ ನಿಂತ ನಾವು, ಅದೇ ಮಾತನ್ನು ಆಕೆ ಸ್ವಂತ ಮನೆಯ ಹೊಸ್ತಿಲಲ್ಲಿ ನಿಂತು ಹೇಳಿದರೆ ಯಾರ ಪರವಾಗಿ ನಿಲ್ಲುತ್ತೇವೆ?

ತಿಕೋಟಾದಿಂದ ನಗರಕ್ಕೆ ಬರುವ ಅಥಣಿ ರಸ್ತೆಯನ್ನೇ ನೋಡಿ. ತೊರವಿಯಲ್ಲಿ ಮಹಿಳಾ ವಿಶ್ವವಿದ್ಯಾನಿಲಯವಿದೆ. 2003ರಲ್ಲಿ ಆರಂಭವಾದ, ಈಗ ಅಕ್ಕಮಹಾದೇವಿಯ ಹೆಸರು ಹೊತ್ತಿರುವ ಈ ವಿಶ್ವವಿದ್ಯಾನಿಲಯ ರಾಜ್ಯಕ್ಕೆಲ್ಲ ಹೆಣ್ಣುಮಕ್ಕಳಿಗೆಂದೇ ಇರುವ ವಿಶ್ವವಿದ್ಯಾನಿಲಯ. ಬೀದರಿನಿಂದ, ಬಳ್ಳಾರಿಯಿಂದ ಹುಡುಗಿಯರು ಇಲ್ಲಿಗೆ ಬಂದು ಹಾಸ್ಟೆಲಿನಲ್ಲಿದ್ದು ಓದುತ್ತಾರೆ. ಅದೇ ರಸ್ತೆಯಲ್ಲಿ ಅಲ್-ಅಮೀನ್ ವೈದ್ಯಕೀಯ ಕಾಲೇಜಿದೆ, ಸಮುದಾಯದ ಹಿರಿಯರು 1984ರಲ್ಲಿ ಕಟ್ಟಿದ್ದು. ನಗರದೊಳಗೆ ಸಿಕ್ಯಾಬ್ ಸಂಸ್ಥೆಯ ಮಹಿಳಾ ಕಾಲೇಜು, ಅಂಜುಮನ್ ಕಾಲೇಜು, ಶತಮಾನ ದಾಟಿದ ಬಿಎಲ್‌ಡಿಇ ಸಂಸ್ಥೆಯ ಕಾಲೇಜುಗಳು. ಹೊರವಲಯದಲ್ಲಿ ಕೃಷಿ ಕಾಲೇಜು. ದ್ರಾಕ್ಷಿ ಬಳ್ಳಿಯ ಬೂಜುರೋಗವನ್ನು ಎಳವೆಯಿಂದಲೇ ಕಣ್ಣಾರೆ ಕಂಡು ಬೆಳೆದ ತಿಕೋಟಾ-ಬಬಲೇಶ್ವರದ ಹುಡುಗಿಗೆ ಬಿಎಸ್ಸಿ ಕೃಷಿ ಎಂಬುದೊಂದು ಇದೆ, ಅದಕ್ಕೆ ಕೃಷಿಕರ ಮಕ್ಕಳಿಗೆಂದೇ ಕೋಟಾ ಇದೆ ಎಂದು ಯಾರಾದರೂ ಹೇಳಿದ್ದೇವೆಯೇ? ನಮ್ಮ ಬಾಯಲ್ಲಿ ಬರುವುದು ಎರಡೇ ಪದ. ಗಂಡಾದರೆ ಡಾಕ್ಟರ್, ಹೆಣ್ಣಾದರೆ ಬಿಎಡ್. ಎರಡೂ ಆಗದಿದ್ದರೆ ಸಾಕು.

ಬಸ್ಸಿನ ಖರ್ಚು ಎನ್ನುವ ಕಾಲವೂ ಹೋಯಿತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತವಾಯಿತು. (ನಮ್ಮ ಜಿಲ್ಲೆಯಲ್ಲಿ ಓಡುವುದು ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸು, ಆದರೆ ಕಲ್ಯಾಣ ಕರ್ನಾಟಕದ 371ಜೆ ಮೀಸಲಾತಿ ನಮ್ಮ ಜಿಲ್ಲೆಗಿಲ್ಲ. ಪಕ್ಕದ ಕಲಬುರಗಿಯ ನೆಂಟರ ಮಾತು ಕೇಳಿ ಅದನ್ನೇ ನಂಬಿ ಕೂತವರನ್ನು ಕಂಡಿದ್ದೇನೆ.) ಆ ಉಚಿತ ಬಸ್ಸಿನಲ್ಲಿ ನಮ್ಮ ತಾಯಂದಿರು ಕಲಬುರಗಿಯ ಬಂದೇ ನವಾಝ್ ದರ್ಗಾಕ್ಕೆ ಹೋಗಿ ಬಂದರು, ಬಾಗಲಕೋಟೆಯ ಬೀಗರ ಮನೆಗೆ ಹೋಗಿ ಬಂದರು. ಆಗ ಯಾವ ಗಂಡಸಿಗೂ ‘ಜನ ಏನಂದಾರು’ ಎಂಬ ಚಿಂತೆ ಕಾಡಲಿಲ್ಲ. ಮಗಳು ಪುಸ್ತಕ ಹಿಡಿದು ಅದೇ ಬಸ್ಸು ಹತ್ತಿದಾಗ ಮಾತ್ರ ಆ ‘ಜನ’ ಎಲ್ಲಿಂದಲೋ ಎದ್ದು ಬರುತ್ತಾರೆ.

ಹಾಗಂತ, ಹೆತ್ತವರ ಅಂಜಿಕೆಯೆಲ್ಲ ಸುಳ್ಳು ಎಂದು ನಾನು ಹೇಳಲಾರೆ. ಸಂಜೆಯ ಬಸ್ಸಿನ ನೂಕುನುಗ್ಗಲು ಎಂಥದ್ದೆಂದು ಬಬಲೇಶ್ವರದ ಬಸ್ಸಿಗಾಗಿ ಕಾದವರಿಗೆ ಗೊತ್ತು. ಕಾಲೇಜು ಬಿಟ್ಟ ಮೇಲೆ ಗಂಟೆಗಟ್ಟಲೆ ನಿಲ್ದಾಣದಲ್ಲಿ ನಿಂತ ಹುಡುಗಿಯ ಸುತ್ತ ಸುಳಿಯುವ ಪೋಲಿ ಹುಡುಗರೂ ಇದ್ದಾರೆ. ಅವರಲ್ಲಿ ನಮ್ಮ ಮೊಹಲ್ಲಾದವರೂ ಇದ್ದಾರೆ. ಆದರೆ ಈ ಅಂಜಿಕೆಗೆ ಪರಿಹಾರ ಹುಡುಗಿಯನ್ನು ಮನೆಯಲ್ಲಿ ಕೂಡಿಹಾಕುವುದೇ? ಕಬರಸ್ತಾನದ ಕಾಂಪೌಂಡಿಗೆ ಅನುದಾನ ಬೇಕೆಂದು ನಮ್ಮ ಜಮಾಅತ್‌ಗಳು ಶಾಸಕರ ಮನೆಗೆ ಎಷ್ಟು ಬಾರಿ ಅಲೆದಿವೆ! ಕಾಲೇಜು ಬಿಡುವ ಹೊತ್ತಿಗೆ ತಿಕೋಟಾಕ್ಕೊಂದು, ಬಬಲೇಶ್ವರಕ್ಕೊಂದು ಹೆಚ್ಚುವರಿ ಬಸ್ಸು ಬೇಕೆಂದು ಡಿಪೋ ವ್ಯವಸ್ಥಾಪಕರಿಗೆ ಮನವಿ ಕೊಡಲು ಶೇರ್ವಾನಿ ತೊಟ್ಟು ಹೊರಟ ಒಂದು ನಿಯೋಗವನ್ನು ನಾನಂತೂ ಕಂಡಿಲ್ಲ. ಸತ್ತವರ ಗೋಡೆಗೆ ಇರುವ ಕಾಳಜಿಯಲ್ಲಿ ಕಾಲುಭಾಗ ಬದುಕಿರುವವರ ಬಸ್ಸಿಗೂ ಇರಲಿ.

ಇನ್ನು ಹಣದ ಮಾತು. ನಗರದ ಮಧ್ಯಮ ವರ್ಗದ ಮನೆಗಳಲ್ಲಿ ಒಂದು ವಿಚಿತ್ರ ಲೆಕ್ಕವಿದೆ. ಮಗ ನೀಟ್ ಪರೀಕ್ಷೆಯಲ್ಲಿ ಒಮ್ಮೆ ಸೋತರೆ ಮರುವರ್ಷದ ಕೋಚಿಂಗಿಗೆ ಕಳಿಸುತ್ತೇವೆ, ಮತ್ತೂ ಸೋತರೆ ಪ್ಲಾಟು ಮಾರುತ್ತೇವೆ. ಆ ಹುಡುಗನಿಗೆ ಡಾಕ್ಟರ್ ಆಗುವ ಇಚ್ಛೆ ಇದೆಯೇ ಎಂದೂ ಕೇಳುವುದಿಲ್ಲ. ಅವನ ಕಷ್ಟವೂ ಕಷ್ಟವೇ. ಅದೇ ಮನೆಯಲ್ಲಿ ಅಣ್ಣನಿಗಿಂತ ಹೆಚ್ಚು ಅಂಕ ತಂದ ತಂಗಿ ಬಿಎಸ್ಸಿ ಸೇರಬೇಕೆಂದರೆ, ‘ಮುಂದೆ ಮದುವೆಗೆ ಬೇಕಲ್ಲ’ ಎಂದು ಕೈ ಗಂಟಾಗುತ್ತದೆ. ಮದುವೆಗೆ ಎಷ್ಟು? ಮಹಲಿನ ಬಾಡಿಗೆ, ಬಿರಿಯಾನಿಯ ದೇಗುಗಳು, ಅಲ್ಮೇರಾ, ಫ್ರಿಜ್ಜು, ಹುಡುಗನ ಕೈಗೊಂದು ಬೈಕಿನ ಚಾವಿ. ಇಸ್ಲಾಮ್ ವರನಿಂದ ವಧುವಿಗೆ ಕೊಡಿಸಿದ್ದು ಮೆಹರ್. ನಾವು ವಧುವಿನ ತಂದೆಯಿಂದ ವರನಿಗೆ ಕೊಡಿಸುತ್ತಿರುವುದು ಜಹೇಝ್. ಈ ತಲೆಕೆಳಗಾದ ವ್ಯವಹಾರಕ್ಕಾಗಿ ಮಾಡುವ ಸಾಲದಲ್ಲಿ ಸಣ್ಣದೊಂದು ಪಾಲಿಗೆ ಮೂರು ವರ್ಷದ ಪದವಿ ಮುಗಿಯುತ್ತದೆ. 2013ರಲ್ಲಿ ರಾಜ್ಯ ಸರ್ಕಾರ ಬಡ ಅಲ್ಪಸಂಖ್ಯಾತ ಹೆಣ್ಣುಮಕ್ಕಳ ಮದುವೆಗೆ 50 ಸಾವಿರ ರೂಪಾಯಿ ನೆರವಿನ ಬಿದಾಯಿ ಯೋಜನೆ ತಂದಾಗ ಅದರ ಹೆಸರು ಗೊತ್ತಿಲ್ಲದ ಮನೆ ನಮ್ಮಲ್ಲಿರಲಿಲ್ಲ. ಆದರೆ ವೃತ್ತಿಪರ ಕೋರ್ಸುಗಳಿಗೆ ಸೇರುವ ಮಕ್ಕಳಿಗಾಗಿ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮ ಕೊಡುವ ‘ಅರಿವು’ ಸಾಲದ ಹೆಸರನ್ನು ನಿಮ್ಮ ನೆರೆಮನೆಯಲ್ಲಿ ಕೇಳಿ ನೋಡಿ.

ಅಷ್ಟಕ್ಕೂ, ಹದಿನೆಂಟು ಎಂಬುದು ಏನು? ಮದುವೆಗೆ ಕಾನೂನು ಹೇಳುವ ಕನಿಷ್ಠ ವಯಸ್ಸು. ಅದಕ್ಕಿಂತ ಕೆಳಗಿನದ್ದನ್ನು ಕರ್ನಾಟಕವು 2016ರ ತಿದ್ದುಪಡಿಯ ಮೂಲಕ ಅಸಿಂಧುವೆಂದೇ ಮಾಡಿದೆ. ನಮ್ಮಲ್ಲಿ ಕೆಲವರು ಅದನ್ನು ಗಡುವು ಎಂದು ಓದಿಕೊಂಡಿದ್ದಾರೆ. ಹುಟ್ಟಿದ ದಿನಾಂಕ ನೋಡಿ, ಹದಿನೆಂಟು ತುಂಬಿದ ವಾರಕ್ಕೇ ನಿಕಾಹ್ ಇಡುತ್ತಾರೆ. ಪಿಯುಸಿಯನ್ನು ಓದಿಸಿದ್ದೂ ಕೂಡ ಆ ದಿನ ಬರುವವರೆಗೆ ಹುಡುಗಿ ಎಲ್ಲಾದರೂ ಇರಲಿ ಎಂದೇ ಹೊರತು ಓದಲಿ ಎಂದಲ್ಲವೇನೋ ಎಂಬ ಸಂಶಯ ಬರುತ್ತದೆ.

ಇನ್ನೊಂದು ವಿಷಯವನ್ನು ಉಲೆಮಾಗಳು ಮಿಂಬರಿನಿಂದ ಬಿಡಿಸಿ ಹೇಳಬೇಕು. ನಿಕಾಹ್‌ಗೆ ಹೆಣ್ಣಿನ ಸಮ್ಮತಿ ಬೇಕು, ಅದು ಕೇವಲ ಶಿಷ್ಟಾಚಾರವಲ್ಲ. ನಾಚಿಕೊಳ್ಳುವ ಕನ್ಯೆಯ ಮೌನವನ್ನು ಸಮ್ಮತಿಯೆಂದು ತಿಳಿಯಬಹುದೆಂಬ ರಿಯಾಯಿತಿ ಇದೆ. ಆ ರಿಯಾಯಿತಿ ನಾಚಿಕೆಯ ಮೌನಕ್ಕೆ ಕೊಟ್ಟದ್ದು. ಅಪ್ಪನ ಸಿಟ್ಟಿಗೆ ಅಂಜಿದ ಮೌನಕ್ಕೆ, ಅಮ್ಮನ ಕಣ್ಣೀರಿಗೆ ಸೋತ ಮೌನಕ್ಕೆ, ಸಿಇಟಿ ಅರ್ಜಿಯನ್ನು ಶೋಕೇಸಿನ ಮೇಲೆ ಬಿಟ್ಟು ಚಹಾದ ಬಟ್ಟಲು ಎತ್ತಿಕೊಂಡು ಹೋದ ಮೌನಕ್ಕೆ ನಾವು ಅದನ್ನು ಅನ್ವಯಿಸಿಕೊಂಡಿದ್ದೇವೆ. ವಕೀಲ ಮತ್ತು ಗವಾಹ್‌ಗಳು ಒಳಗೆ ಹೋಗಿ ಕೇಳುವ ಹೊತ್ತಿಗೆ ಹೊರಗೆ ದೇಗು ಇಳಿದಿರುತ್ತದೆ. ಆಗ ಆಕೆ ಏನು ಹೇಳಬಲ್ಲಳು? ಕೇಳಬೇಕಾದದ್ದು ಫೆಬ್ರವರಿಯಲ್ಲಿ, ಪುಸ್ತಕ ಆಕೆಯ ಕೈಯಲ್ಲಿದ್ದಾಗ.

ವಿಜಯಪುರದ ಮುಸ್ಲಿಮರಿಗೆ ಚರಿತ್ರೆಯ ಹೆಮ್ಮೆ ಕಡಿಮೆಯೇನಿಲ್ಲ. 1580ರಲ್ಲಿ ಒಂದನೇ ಅಲಿ ಆದಿಲ್ ಶಾಹ್ ಕೊಲೆಯಾದಾಗ, ಒಂಬತ್ತರ ಬಾಲಕ ಇಬ್ರಾಹೀಮನ ಪರವಾಗಿ ರಾಜ್ಯಭಾರ ನೋಡಿಕೊಂಡವಳು ಚಾಂದ್ ಬೀಬಿ ಎಂದು ಹೊರಗಿನವರಿಗೆ ಎದೆಯುಬ್ಬಿಸಿ ಹೇಳುತ್ತೇವೆ. ಆಕೆಯ ಹೆಸರಿನ ಬಾವಡಿಯನ್ನು ತೋರಿಸುತ್ತೇವೆ. ಒಬ್ಬ ಹೆಣ್ಣಿಗೆ ಸುಲ್ತಾನರ ಆಡಳಿತದ ಲೆಕ್ಕಪತ್ರ ತಿಳಿದಿತ್ತೆಂದು ಹೆಮ್ಮೆಪಡುವ ಊರಿನಲ್ಲಿ, ತನ್ನ ಮಗಳಿಗೆ ‘ಏನ್ ತಿಳೀತೈತಿ’ ಎಂದು ಕೇಳುವುದಕ್ಕೆ ನಾಚಿಕೆಯಾಗಬೇಡವೇ?

ಗಂಡುಮಕ್ಕಳ ಬಗ್ಗೆಯೂ ಎರಡು ಮಾತು. ಪಿಯುಸಿಯಲ್ಲಿ ಒಂದು ವಿಷಯ ಹೋಯಿತೆಂದರೆ ಹುಡುಗ ಮರುವಾರವೇ ಗ್ಯಾರೇಜಿನಲ್ಲೋ ಪುಣೆಯ ಬೇಕರಿಯಲ್ಲೋ ಇರುತ್ತಾನೆ. 2024ರಿಂದ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿಗೆ ಅವಕಾಶ ಬಂತು. ಮಾರ್ಚ್‌ನಲ್ಲಿ ಸೋತವನು ಏಪ್ರಿಲ್-ಮೇನಲ್ಲಿ ಮತ್ತೆ ಬರೆಯಬಹುದು, ವರ್ಷ ಹಾಳಾಗದು. ಇದನ್ನು ತಂದೆಗೆ ತಿಳಿಸಿ ಹೇಳುವವರಿಲ್ಲದೆ ಕೈಬಿಟ್ಟ ಹುಡುಗರು ನಮ್ಮ ಗಲ್ಲಿಗಳಲ್ಲಿ ಬೇಕಷ್ಟಿದ್ದಾರೆ. ಪ್ರತಿ ಮಸೀದಿಯಲ್ಲೂ ಶುಕ್ರವಾರ ಚಂದಾದ ಲೆಕ್ಕ ಓದುತ್ತಾರೆ. ಮೊಹಲ್ಲಾದಲ್ಲಿ ಈ ವರ್ಷ ಪಿಯುಸಿ ಬರೆದವರೆಷ್ಟು, ಮುಂದೆ ಸೇರಿದವರೆಷ್ಟು, ಬಿಟ್ಟವರೆಷ್ಟು ಎಂದು ಜುಲೈ ತಿಂಗಳ ಒಂದು ಶುಕ್ರವಾರ ಓದಲಿ. ಕಮಿಟಿಯವರಿಗೆ ಮುಜುಗರವಾದರೆ ಆಗಲಿ.

ತಿಕೋಟಾದ ಆ ಹುಡುಗಿಯ ನಿಕಾಹ್ ಜೂನಿನಲ್ಲಿ ಆಯಿತು. ಊಟಕ್ಕೆ ನಾನೂ ಹೋಗಿದ್ದೆ, ಹೋಗದಿರಲು ಧೈರ್ಯ ಸಾಲಲಿಲ್ಲ. ಆಕೆಯ ತಂಗಿ ಈಗ ಪ್ರಥಮ ಪಿಯುಸಿಯಲ್ಲಿದ್ದಾಳೆ, ವಿಜ್ಞಾನವೇ. ಕೈ ತೊಳೆಯುವಲ್ಲಿ ಯಜಮಾನರು ಸಿಕ್ಕಾಗ, “ಈಕೀದಾದ್ರೂ ಪ್ರಮಾಣಪತ್ರ ಈಗಲೇ ಮಾಡಿಸ್ರಿ, ಬೇಕಾದ್ರ ನಾಡಕಚೇರಿಗೆ ನಾನೂ ಬರ್ತೀನಿ” ಎಂದೆ. ಅವರು ಟವೆಲಿನಿಂದ ಕೈ ಒರೆಸಿಕೊಳ್ಳುತ್ತಾ, “ನೋಡೂನ್ರಿ ಸರ್, ಸೀಝನ್ ಮುಗೀಲಿ” ಎಂದಿದ್ದಾರೆ.